ಕೊನೆಯ ಅಧ್ಯಾಯ ಇನ್ನೂ ಬಂದಿಲ್ಲ

ಇವತ್ತು ಬೆಳಿಗ್ಗೆ ಅವಸರದಲ್ಲಿ ನನ್ನ ಇಯರ್‌ಫೋನ್ ಮನೆಯಲ್ಲೇ ಉಳಿಯಿತು. ಕೈಗೆ ಸಿಕ್ಕ ಮಾವನವರದನ್ನೇ ಚೀಲಕ್ಕೆ ಹಾಕಿಕೊಂಡು ಬಂದೆ. ಬಸ್ಸು ಗಂಗಾವತಿ ಬಿಟ್ಟು ಕೊಪ್ಪಳದ ದಾರಿ ಹಿಡಿದ ಮೇಲೆ ಅದನ್ನು ಕಿವಿಗೆ ಸಿಕ್ಕಿಸಿಕೊಂಡೆ ನೋಡಿ, ನೋವಿನ ಮುಲಾಮಿನ ವಾಸನೆ ಮೂಗಿಗೆ ಬಡಿಯಿತು. ಮಾವ ಮೊಣಕಾಲಿಗೆ ಮುಲಾಮು ತಿಕ್ಕಿದ ಕೈಯಲ್ಲೇ ಎಲ್ಲವನ್ನೂ ಮುಟ್ಟುತ್ತಾರೆ. ನಮ್ಮ ಮನೆಯ ಟಿವಿ ರಿಮೋಟು, ಸಕ್ಕರೆ ಡಬ್ಬಿಯ ಮುಚ್ಚಳ, ದಿನಪತ್ರಿಕೆ ಎಲ್ಲಕ್ಕೂ ಅದೇ ಪರಿಮಳ. ಪಕ್ಕದ ಸೀಟಿನ ಹೆಣ್ಣುಮಗಳು ಒಮ್ಮೆ ನನ್ನ ಕಡೆ ನೋಡಿ ಕಿಟಕಿಯ ಗಾಜು ಸರಿಸಿದಳು. ನನಗೆ ನಗು ಬಂತು. ಆ ವಾಸನೆಯ ಬೆನ್ನಿಗೆ ಎರಡು ವರ್ಷದ ಹಿಂದಿನ ಒಂದು ವಾರ ನೆನಪಾಯಿತು. ಕೊಪ್ಪಳ ಇನ್ನೂ ದೂರವಿದೆ, ನಿಮಗೂ ಪುರುಸೊತ್ತಿದ್ದರೆ ಹೇಳಿಬಿಡುತ್ತೇನೆ.

ನಾನು ಕೊಪ್ಪಳದ ಒಂದು ಕಚೇರಿಯಲ್ಲಿ ಕೆಲಸ ಮಾಡುವವಳು. ದಿನಾ ಹೋಗಿ ಬರುವ ಬಸ್ಸಿನಲ್ಲಿ ಪುಸ್ತಕ ತೆರೆದರೆ ಬೂದಗುಂಪಾ ಕ್ರಾಸ್ ಬರುವುದರೊಳಗೆ ತಲೆ ಸುತ್ತುತ್ತದೆ. ಹಾಗಾಗಿ ಕೇಳುವ ಪುಸ್ತಕಗಳಿಗೆ ಗಂಟುಬಿದ್ದೆ. ಕಾದಂಬರಿ ಕೇಳಲು ಹೋದರೆ, ಕಂಡಕ್ಟರ್ ಚಿಲ್ಲರೆ ಕೊಡುವಷ್ಟರಲ್ಲಿ ಯಾರು ಯಾರ ಮಗಳೆಂಬುದೇ ತಪ್ಪಿಹೋಗುತ್ತದೆ. ಚರಿತ್ರೆ ಹಾಗಲ್ಲ. ನಡುವೆ ಒಂದು ನಿದ್ದೆ ತೆಗೆದು ಎದ್ದರೂ ಅರಸ ಇನ್ನೂ ಅದೇ ಕೋಟೆಗೆ ಮುತ್ತಿಗೆ ಹಾಕಿಕೊಂಡು ಕೂತಿರುತ್ತಾನೆ.

ಕೇಳಿ ಕೇಳಿ ನನಗೂ ಒಂದಿಷ್ಟು ಅಭಿಪ್ರಾಯಗಳು ಬಂದಿವೆ. ಯಾರೂ ಕೇಳದಿದ್ದರೂ ಹೇಳುವ ಚಟವೂ ಅಂಟಿಕೊಂಡಿದೆ. ಅರಸರ ಮಾತು ಬಂದ ಕೂಡಲೇ ಧ್ವನಿ ದಪ್ಪ ಮಾಡಿಕೊಂಡು ಓದುವವರು ನನಗೆ ಆಗಿಬರುವುದಿಲ್ಲ. ಯಾವ ವಂಶದವನಾದರೂ ಎಲ್ಲ ಅರಸರಿಗೂ ಒಂದೇ ನೆಗಡಿ. ಯುದ್ಧವೆಂದರೆ ನಗಾರಿ, ಬಾಲ್ಯವೆಂದರೆ ಕೊಳಲು ಊದಿಸುವ ಹಿನ್ನೆಲೆ ಸಂಗೀತವೂ ಬೇಡ. ಒಬ್ಬರಂತೂ ಬಲು ಗಂಭೀರವಾಗಿ, "ಹೆಚ್ಚಿನ ವಿವರಕ್ಕೆ ಕೊನೆಯ ಅನುಬಂಧವನ್ನು ನೋಡಿ" ಎಂದು ಓದಿದರು. ಒಂದು ಕೈಯಲ್ಲಿ ಬಸ್ಸಿನ ಕಂಬಿ, ಇನ್ನೊಂದರಲ್ಲಿ ಊಟದ ಡಬ್ಬಿ. ನಾನು ಎಲ್ಲಿ ನೋಡಲಿ ಹೇಳಿ? ಜೀವನಚರಿತ್ರೆಗಳದು ಬೇರೆಯೇ ಗೋಳು. ದೊಡ್ಡ ಮನುಷ್ಯರ ತಾಯಂದಿರೆಲ್ಲ ಸಾಧ್ವಿಯರು, ತಂದೆಯರೆಲ್ಲ ಮುಂಗೋಪಿಗಳು, ಮಾಸ್ತರರೆಲ್ಲ ಭವಿಷ್ಯ ನುಡಿಯುವವರು. ಆ ಭಾಗವನ್ನು ನಾನು ಓಡಿಸಿಬಿಡುತ್ತೇನೆ.

ಈ ಹುಚ್ಚನ್ನು ಮನೆಗೆ ತಂದವಳೂ ನಾನೇ. ಮಾವ ಅಕ್ಕಿ ಗಿರಣಿಯಲ್ಲಿ ಯಂತ್ರ ರಿಪೇರಿ ಮಾಡಿಕೊಂಡಿದ್ದವರು. ಕೆಲಸ ಬಿಟ್ಟ ಮೇಲೆ ಹೊತ್ತು ಹೋಗದೆ ಮನೆಯ ಮಿಕ್ಸರನ್ನು ಬಿಚ್ಚುವುದು, ಜೋಡಿಸುವುದು, ಮತ್ತೆ ಬಿಚ್ಚುವುದು. ಮಿಕ್ಸರು ಉಳಿಯಲಿ ಎಂದು ಅವರ ಫೋನಿಗೂ ಆಡಿಯೋ ಪುಸ್ತಕದ ಆ್ಯಪ್ ಹಾಕಿಕೊಟ್ಟೆ. ಇಬ್ಬರಿಗೂ ಒಂದೇ ಖಾತೆ. ಮೊದಲು ಕೇಳಿದ್ದು ನಮ್ಮ ಸೀಮೆಯ ಹಳೆಯ ಅರಸರ ಚರಿತ್ರೆ. ಮಾವನ ಹುಟ್ಟೂರು ಇಟಗಿಯ ಹತ್ತಿರ. "ನಮ್ಮ ಇಟಗಿ ಗುಡಿ ಬಂದ ಬರತೈತಿ" ಎಂದು ದಿನಗಟ್ಟಲೆ ಕಾದರು. ಅದು ಒಂದೇ ವಾಕ್ಯದಲ್ಲಿ ಬಂತು, ಮಾವನಿಗೆ ಅದೇ ಹೊತ್ತಿಗೆ ಸೀನು ಬಂತು. ಹಿಂದಕ್ಕೆ ಸರಿಸಿ ಕೇಳಿಸಿದೆ. "ಇಷ್ಟ ಏನು? ನಮ್ಮ ಬೀಗರ ಮದವಿ ಕಾರ್ಡಿನ್ಯಾಗ ಇದಕ್ಕಿಂತ ಹೆಚ್ಚಿಗಿ ಬರದಿದ್ರು" ಎಂದು ಎರಡು ದಿನ ಆ ಲೇಖಕರ ಮೇಲೆ ಮುನಿಸಿಕೊಂಡಿದ್ದರು.

ಗಿರಣಿಯ ಸದ್ದಿನಲ್ಲಿ ಮಾವನ ಕಿವಿ ಮಂದವಾಗಿದೆ. ಅವರು ಫೋನು ಹಚ್ಚಿದರೆ ಓಣಿಗೆಲ್ಲ ಚರಿತ್ರೆ. ಎದುರುಮನೆಯ ಟೇಲರ್ ಚಾಚಾ ನಾನು ಬಸ್ಸಿಗೆ ಹೊರಟಾಗ ಮಷೀನು ನಿಲ್ಲಿಸಿ ಕೇಳುತ್ತಿದ್ದರು: "ಬೇಟಿ, ಆ ಸುಲ್ತಾನ ಕ್ವಾಟಿ ಬಿಟ್ಟನೋ ಇಲ್ಲೋ? ಗಿರಾಕಿ ಬಂದು ಮುಂದಿಂದು ಕೇಳಾಕ ಆಗಲಿಲ್ಲ ನೋಡು." ಓಣಿಯ ಎಲ್ಲರಿಗೂ ಚಾಚಾನಷ್ಟು ತಾಳ್ಮೆ ಇರಲಿಲ್ಲ. ಪರೀಕ್ಷೆಗೆ ಓದುವ ಮಕ್ಕಳ ತಾಯಂದಿರು ಬಂದು ಹೇಳಿದ ಮೇಲೆ ಮಾವನಿಗೆ ಇಯರ್‌ಫೋನ್ ಕೊಡಿಸಬೇಕಾಯಿತು.

ಆದರೆ ಪುಸ್ತಕದ ಕೊನೆಯ ಅಧ್ಯಾಯವನ್ನು ಮಾತ್ರ ಮಾವ, ಅತ್ತೆ, ನಾನು ಮೂವರೂ ಪಡಸಾಲೆಯಲ್ಲಿ ಕೂತು ಕೇಳಬೇಕು. ಇದು ಅತ್ತೆ ಮಾಡಿದ ಕಾಯಿದೆ. ಅತ್ತೆಯ ತವರು ಕುಷ್ಟಗಿಯ ಕಡೆ. ಅವರ ಮನೆಯಲ್ಲಿ ಶ್ರಾವಣದಲ್ಲಿ ಪುರಾಣ ಓದಿಸುತ್ತಿದ್ದರಂತೆ. ಯಾರಾದರೂ ಸತ್ತ ಕಡೆ ಆ ದಿನದ ಓದು ನಿಲ್ಲಿಸುವಂತಿರಲಿಲ್ಲ. ಊಟ ಆರಿಹೋಗಲಿ, ಮುಂದೆ ಮದುವೆಯೋ ಮಗು ಹುಟ್ಟುವುದೋ ಬರುವ ತನಕ ಓದಿಯೇ ಏಳಬೇಕು. ಜೀವನಚರಿತ್ರೆಯಲ್ಲಿ ಕೊನೆಗೆ ಸಾವೇ ತಾನೆ? ಅದಕ್ಕೆ ಅತ್ತೆ ಉಪಾಯ ಹುಡುಕಿದ್ದರು. ಕೊನೆಯ ಅಧ್ಯಾಯ ಮುಗಿದ ಕೂಡಲೇ ಮೊದಲನೆಯ ಅಧ್ಯಾಯ ಹಚ್ಚಬೇಕು. ನಾಯಕ ಮತ್ತೆ ಹುಟ್ಟಿ, ತೊಟ್ಟಿಲು ಕಟ್ಟಿ, ಹೆಸರಿಡುವ ತನಕ ಕೇಳಿ ಆಮೇಲೆ ಫೋನು ಬಂದ್.

"ಸತ್ತಾಂವನ್ನ ತೊಟ್ಟಲದಾಗ ಹಾಕಿದ್ರ ಎದ್ದು ಬರತಾನೇನು?" ಎಂದು ಮಾವ ಪ್ರತಿ ಸಲವೂ ಕಾಡುತ್ತಿದ್ದರು.

"ಬರಲಿ ಬಿಡಲಿ, ನನ್ನ ಮನ್ಯಾಗ ಹೆಣ ಬಿಟ್ಟು ಮಲಗಬ್ಯಾಡ್ರಿ" ಎನ್ನುತ್ತಿದ್ದರು ಅತ್ತೆ.

ಚರಿತ್ರೆಯ ಪುಸ್ತಕದಲ್ಲಿ ಒಂದೇ ಸಾಲಿನಲ್ಲಿ ಸಾವಿರಾರು ಸೈನಿಕರು ಹೋದಾಗ ಸುಮ್ಮನೆ ಸೊಪ್ಪು ಸೋಸುತ್ತಿದ್ದಿರಲ್ಲ ಎಂದು ನಾನೊಮ್ಮೆ ಕೇಳಿದೆ. "ಅವರ ಹೆಸರ ಹೇಳಲಿಲ್ಲಲ್ಲವಾ" ಎಂದರು.

ಹೀಗಿರುವಾಗ ಹಳೆಯ ಕಾಲದ ನಾಟಕ ಕಂಪನಿ ಮಾಲೀಕರೊಬ್ಬರ ಜೀವನಚರಿತ್ರೆ ಶುರುವಾಯಿತು. ಮಾವ ಅದಕ್ಕೆ ಮರುಳಾಗಿಬಿಟ್ಟರು. ಪರದೆ ಹರಿದಾಗ ಕಂಬಳಿ ಕಟ್ಟಿ ಆಟ ಆಡಿಸಿದ್ದು, ಮಳೆಯಲ್ಲಿ ಥಿಯೇಟರಿನ ತಗಡು ಹಾರಿಹೋದದ್ದು, ಎಲ್ಲವನ್ನೂ ಊಟಕ್ಕೆ ಕೂತಾಗ ನಮಗೆ ಹೇಳುವರು. ಅದೇ ದಿನಗಳಲ್ಲಿ ಅವರಿಗೆ ಹರ್ನಿಯಾದ ನೋವು ಜೋರಾಯಿತು. ವರ್ಷಗಳಿಂದ "ನೋಡೂಣಂತ" ಎಂದು ಮುಂದೂಡಿಕೊಂಡು ಬಂದಿದ್ದರು. ಈ ಸಲ ಕೊಪ್ಪಳದ ಡಾಕ್ಟರು ಇನ್ನು ತಡಮಾಡಿದರೆ ಜೀವಕ್ಕೇ ಕುತ್ತು ಎಂದು ಗದರಿದರು. ನಾನು, ಅತ್ತೆ, ನಮ್ಮ ಯಜಮಾನರು ಮೂವರೂ ಸೇರಿ ಕಾಡಿಬೇಡಿ ಒಪ್ಪಿಸಿದೆವು. ಮುಂದಿನ ವಾರ ಆಪರೇಷನ್ ಎಂದಾಯಿತು.

ಮರುದಿನ ಬಸ್ಸಿನಲ್ಲಿ ನಾನು ಆ ಪುಸ್ತಕದ ಕೊನೆಯ ಅಧ್ಯಾಯ ಹಚ್ಚಿದೆ. ಮಾವನಿಗಿಂತ ಮುಂದೆ ಕೇಳಿ ಮುಗಿಸಿ ಎಲ್ಲ ತಿಳಿದವಳ ಹಾಗೆ ಮುಗುಳ್ನಗುವುದು ನನ್ನ ಕೆಟ್ಟ ಅಭ್ಯಾಸ. ಗಿಣಿಗೇರಾ ಹತ್ತಿರ ಬಂದಾಗ ನನ್ನ ಮುಗುಳ್ನಗೆ ಆರಿತು. ನಾಟಕ ಕಂಪನಿಯ ಮಾಲೀಕರಿಗೆ ಹೊಟ್ಟೆನೋವು ಬಂತು. ಸಣ್ಣ ಆಪರೇಷನ್, ಭಯವಿಲ್ಲ ಎಂದು ಮನೆಯವರೆಲ್ಲ ಧೈರ್ಯ ಹೇಳಿ ಕಳಿಸಿದರು. ಆಸ್ಪತ್ರೆಗೆ ನಗುನಗುತ್ತಾ ಹೋದ ಆ ಪುಣ್ಯಾತ್ಮರು ಹಿಂದಿರುಗಲಿಲ್ಲ.

ಸಂಜೆ ಮನೆಗೆ ಬಂದವಳೇ ಅತ್ತೆಯನ್ನು ಅಡುಗೆಮನೆಗೆ ಕರೆದು ವಿಷಯ ಹೇಳಿದೆ. ಅವರು ರೊಟ್ಟಿ ಬಡಿಯುತ್ತಿದ್ದ ಕೈ ನಿಲ್ಲಿಸಿದರು.

"ಇದನ್ನ ಕೇಳಿದ್ರ ಅವರು ದವಾಖಾನಿಗೆ ಬರಾಂಗಿಲ್ಲ ಯವ್ವಾ. ಮೊದಲ ಹಿಂದ ಸರಿಯೂ ಮನಷ್ಯಾ."

"ಏನ ಮಾಡೋದ್ರಿ ಅತ್ತಿ?"

"ಮುಂದಿಂದು ಇನ್ನೂ ಬಂದಿಲ್ಲಂತ ಹೇಳು."

ಹೇಳಿದೆ. ಧಾರಾವಾಹಿಯ ಹಾಗೆ ಇದೂ ಸ್ವಲ್ಪ ಸ್ವಲ್ಪವಾಗಿ ಬರುತ್ತದೆ, ಕೊನೆಯ ಅಧ್ಯಾಯ ಇನ್ನೂ ಬಂದಿಲ್ಲ, ಬರುವ ತಿಂಗಳು ಬರುತ್ತದಂತೆ ಎಂದು. ಮಾವ ನನ್ನ ಮುಖವನ್ನೇ ನೋಡಿದರು. "ಆತು ಬಿಡವಾ, ಆಪರೇಷನ್ ಆದ ಮ್ಯಾಲ ಕೂಡೇ ಕೇಳೂಣು" ಎಂದರು. ಅವರಿಗೆ ಫೋನಿನಲ್ಲಿ ಆ ತ್ರಿಕೋನದ ಗುಂಡಿ ಒತ್ತುವುದು ಬಿಟ್ಟರೆ ಬೇರೇನೂ ಬರುವುದಿಲ್ಲ ಎಂದು ನಾನು ನಂಬಿದ್ದೆ. ಇಡೀ ಗಿರಣಿಯನ್ನು ಬಿಚ್ಚಿ ಜೋಡಿಸುತ್ತಿದ್ದವರ ಬಗ್ಗೆ ಹಾಗೆ ನಂಬಿದ ನನ್ನ ಜಾಣತನವನ್ನು ನೀವೇ ಅಳೆಯಿರಿ.

ಆ ವಾರವೆಲ್ಲ ನಾವಿಬ್ಬರೂ ಅವರಿಗೆ ಕಾವಲು ಕೂತೆವು. ಅವರು ಫೋನು ಮುಟ್ಟಿದರೆ ಅತ್ತೆ ಏನಾದರೊಂದು ಕೆಲಸ ಹೇಳುವರು. ಮಿಕ್ಸರನ್ನು ತಾವೇ ತಂದು ಮುಂದಿಟ್ಟು, "ಯಾಕೋ ಸಪ್ಪಳ ಬರತೈತಿ, ಒಂಚೂರು ಬಿಚ್ಚಿ ನೋಡ್ರಿ" ಎಂದದ್ದನ್ನು ನಾನು ಕಣ್ಣಾರೆ ಕಂಡೆ. ಮಾವ ಮಾತ್ರ ಎಂದಿಗಿಂತ ಗೆಲುವಾಗಿದ್ದರು. ಆಸ್ಪತ್ರೆಗೆ ಹೊರಟ ದಿನ ಟೇಲರ್ ಚಾಚಾನ ಕೈ ಹಿಡಿದು ತಾವೇ ಸಮಾಧಾನ ಹೇಳಿದರು.

ಅವರನ್ನು ಒಳಗೆ ಕರೆದುಕೊಂಡು ಹೋದ ಮೇಲೆ ನಾವು ಹೊರಗಿನ ಬೆಂಚಿನ ಮೇಲೆ ಕೂತೆವು. ಯಜಮಾನರು ಔಷಧಿ ಅಂಗಡಿಗೂ ಬೆಂಚಿಗೂ ಓಡಾಡುತ್ತಿದ್ದರು. ಹೊತ್ತು ಕಳೆಯಲೆಂದು ನಾನು ಆ್ಯಪ್ ತೆರೆದೆ. ನಾಟಕ ಕಂಪನಿಯ ಪುಸ್ತಕದ ಎಲ್ಲ ಅಧ್ಯಾಯಗಳ ಮುಂದೂ ಕೇಳಿ ಮುಗಿದ ಗುರುತಿತ್ತು. ಅದು ನಾನು ಕೇಳಿದ್ದಕ್ಕೆ ಬಂದದ್ದೇ ಇರಬೇಕು ಅಂದುಕೊಂಡೆ. ಆದರೆ ಪುಸ್ತಕ ನಿಂತಿದ್ದು ಕೊನೆಯಲ್ಲಲ್ಲ. ಹಿಂದಿನ ದಿನದ ಮುಂಜಾನೆಯಷ್ಟೇ ಯಾರೋ ಅದನ್ನು ಮತ್ತೆ ಮೊದಲಿನಿಂದ ಹಚ್ಚಿದ್ದರು. ನಿಂತ ಜಾಗವನ್ನು ಒತ್ತಿ ಕಿವಿಗೆ ಹಿಡಿದೆ. ತೊಟ್ಟಿಲ ಸುತ್ತ ಐವರು ಮುತ್ತೈದೆಯರು ನಿಂತಿದ್ದರು, ಮಗುವಿಗೆ ಹೆಸರಿಟ್ಟು ಮುಗಿದಿತ್ತು.

ಅತ್ತೆಗೆ ಕೇಳಿಸಿದೆ. ಅವರಿಗೆ ತಿಳಿಯಲು ತಡವಾಗಲಿಲ್ಲ. ಸೆರಗು ಬಾಯಿಗೆ ಒತ್ತಿಕೊಂಡು, "ಎಲ್ಲಾ ಗೊತ್ತಿದ್ದ ಒಳಗ ಹೋಗ್ಯಾರ" ಎಂದರು. ಆಮೇಲಿನ ಹೊತ್ತು ಹೇಗೆ ಹೋಯಿತೋ, ನಾನು ಅಷ್ಟು ಹೆದರಿದ್ದು ಅದೇ ಮೊದಲು. ನರ್ಸು ಬಾಗಿಲು ತೆಗೆದು "ಎಲ್ಲಾ ಛಲೋ ಆಗೇತ್ರಿ" ಎಂದಾಗ ನಾವಿಬ್ಬರೂ ಒಬ್ಬರನ್ನೊಬ್ಬರು ಹಿಡಿದುಕೊಂಡು ಅತ್ತೆವು.

ಮರುದಿನ ಮಾವ ದಿಂಬಿಗೊರಗಿ ಗಂಜಿ ಕುಡಿಯುವಾಗ ಅತ್ತೆ ವಿಚಾರಣೆ ಶುರು ಮಾಡಿದರು.

"ಸುಳ್ಳ ಹೇಳಿದ್ದು ಗೊತ್ತಿತ್ತು. ಮತ್ತ ಯಾಕ ಸುಮ್ಮನ ಬಂದ್ರಿ?"

"ನೀವಿಬ್ಬರೂ ಅಷ್ಟ ಹೆದರಿದ್ರಿ. ನಾನೂ ಹೆದರಿಕೊಂಡು ಕುಂತಿದ್ರ ಮನ್ಯಾಗ ಧೈರ್ಯ ಹೇಳಾವ್ರು ಯಾರಿದ್ರು?"

"ಮೊದಲನೇದು ಯಾಕ ಹಚ್ಚಿದ್ರಿ? ಎದ್ದು ಬರತಾನೇನು ಅಂತಿದ್ರಲ್ಲ?"

ಮಾವ ಗಂಜಿಯ ಬಟ್ಟಲಿನಲ್ಲಿ ಚಮಚ ಆಡಿಸಿದರು. "ಅಂವಾ ಸತ್ತಿದ್ದು ನಾ ಒಬ್ಬನ ಕೇಳಿದ್ನಿ. ಹಂಗ ಬಿಟ್ಟು ಏಳಾಕ ಮನಸ್ಸಾಗಲಿಲ್ಲ. ನಗಸಬ್ಯಾಡ ಈಗ, ಹೊಲಿಗಿ ಜಗ್ಗತಾವ" ಎಂದರು. ನಕ್ಕವರು ಅವರೊಬ್ಬರೇ.

ಅವತ್ತೇ ಅತ್ತೆ ನನಗೆ ಅಪ್ಪಣೆ ಕೊಟ್ಟರು: "ಇನ್ನ ಮ್ಯಾಲ ಸಾಯೋರ ಪುಸ್ತಕ ಬ್ಯಾಡ. ಬದುಕಿರೋರದು ಯಾವದರ ಐತೇನು ನೋಡವಾ." ಹುಡುಕುತ್ತಾ ಹೋದಾಗ ನನಗೆ ಹೊಳೆದದ್ದು ಆತ್ಮಕಥೆ. ಇಷ್ಟು ವರ್ಷ ಕೇಳಿಯೂ ಇದು ನನ್ನ ತಲೆಗೆ ಹೋಗಿರಲಿಲ್ಲ ನೋಡಿ; ತನ್ನ ಕತೆ ತಾನೇ ಹೇಳುವವನು ತನ್ನ ಸಾವನ್ನು ಹೇಳುವಂತಿಲ್ಲ. ಆತ್ಮಕಥೆಗಳ ಮೇಲೂ ನನಗೆ ತಕರಾರುಗಳಿವೆ. ಹೇಳುವವನ ತಪ್ಪು ಯಾವತ್ತೂ ಇರುವುದಿಲ್ಲ, ಮೋಸ ಮಾಡಿದ ಗೆಳೆಯನೊಬ್ಬ ಇದ್ದೇ ಇರುತ್ತಾನೆ, ಹೆಂಡತಿಯ ಹೆಸರು ಅರ್ಪಣೆಯಲ್ಲಿ ಬಿಟ್ಟರೆ ಮುಂದೆ ಕೇಳಿಸುವುದೇ ಅಪರೂಪ. ಆದರೂ ಎರಡು ವರ್ಷದಿಂದ ನಮ್ಮ ಪಡಸಾಲೆಯಲ್ಲಿ ಅವೇ ನಡೆಯುತ್ತಿವೆ.

ಮೊನ್ನೆ ಭಾನುವಾರ ಹಳೆಯ ಪೈಲ್ವಾನರೊಬ್ಬರ ಆತ್ಮಕಥೆ ಮುಗಿಯಿತು. ಕೊನೆಯಲ್ಲಿ ಅವರು ಮನೆಯ ಮುಂದೆ ಕುರ್ಚಿ ಹಾಕಿಕೊಂಡು ಕೂತು, ಹಾಲು ಕುಡಿಯುತ್ತಾ, ಗರಡಿಗೆ ಹೋಗುವ ಹುಡುಗರನ್ನು ನೋಡುತ್ತಾರೆ. ಅತ್ತೆಗೆ ಬಲು ಸಂತೋಷವಾಯಿತು. "ನೋಡ್ರಿ, ಪುಸ್ತಕ ಮುಗೀತು, ಮನಷ್ಯಾ ಇನ್ನೂ ಆರಾಮ ಕುಂತಾನ" ಎಂದರು.

ಆ ಪೈಲ್ವಾನರು ಪುಸ್ತಕ ಹೊರಬರುವ ಮೊದಲೇ ತೀರಿಕೊಂಡರೆಂದು ಅವರ ಮಗ ಮುನ್ನುಡಿಯಲ್ಲಿ ಹೇಳಿದ್ದ. ಅತ್ತೆಗೆ ನಾನು ಮುನ್ನುಡಿ ಬಿಟ್ಟೇ ಹಚ್ಚಿದ್ದೆ. ತಲೆಯೆತ್ತಿ ನೋಡಿದರೆ ಮಾವ ನನ್ನನ್ನೇ ನೋಡುತ್ತಿದ್ದರು. ಮುನ್ನುಡಿಯನ್ನು ಅವರೂ ಕೇಳಿದ್ದರೆಂದು ಆ ನೋಟದಲ್ಲೇ ಗೊತ್ತಾಯಿತು.

"ಹೌದೌದು, ಕುಂತಾನ" ಎಂದರು ಮಾವ.

"ಹಾಲೂ ಇನ್ನೂ ಮುಗದಿಲ್ರಿ ಅತ್ತಿ" ಎಂದೆ ನಾನು.