ಹೊಳೆದಂಡೆಯ ಬಾಣಂತಿ

1997ರ ಕೊನೆಯಲ್ಲಿ ನಾನು ಹಗರಿಬೊಮ್ಮನಹಳ್ಳಿಯಲ್ಲಿ ವಲಯ ಅರಣ್ಯಾಧಿಕಾರಿಯಾಗಿದ್ದೆ. ಇಲಾಖೆಯ ಭಾಷೆಯಲ್ಲಿ ಆರ್.ಎಫ್.ಓ. ಅದಕ್ಕೂ ಮೊದಲು ಕೂಡ್ಲಿಗಿಯ ಗುಡ್ಡಗಳಲ್ಲಿ ಕರಡಿಗಳ ಹಿಂದೆ ಅಲೆದವನು. ಕಾಡೆಂದರೆ ಕುರುಚಲು, ಕಲ್ಲು, ಬಿಸಿಲು ಎಂದು ನಂಬಿದ್ದ ನನಗೆ ನೀರಿನ ಪ್ರಾಣಿಯೊಂದು ತಲೆನೋವಾಗಿ ಬರುತ್ತದೆಂದು ಯಾರಾದರೂ ಹೇಳಿದ್ದರೆ ನಕ್ಕುಬಿಡುತ್ತಿದ್ದೆ. ಹುಟ್ಟೂರು ಹರಪನಹಳ್ಳಿ ತಾಲ್ಲೂಕಿನ ಅರಸೀಕೆರೆ. ಊರಿನ ಹೆಸರಿನಲ್ಲೇ ಕೆರೆಯಿದ್ದರೂ ನನಗೆ ಈಜು ಮಾತ್ರ ಬಾರದು.

ಹಂಪಸಾಗರದ ಆಚೆ, ತುಂಗಭದ್ರೆಯ ಹಿನ್ನೀರಿನ ದಂಡೆಯಲ್ಲಿ ಒಂದು ಊರು. ಕಣ್ಣೆದುರಿಗೆ ಹೊಳೆ, ಊರೊಳಗಿನ ಬೋರ್‌ವೆಲ್ಲಿನಲ್ಲಿ ಸವುಳು ನೀರು. ಆ ನೀರಿನಲ್ಲಿ ಬೇಳೆ ಬೇಯದು, ಸೋಪಿಗೆ ನೊರೆ ಬಾರದು. ಕುಡಿಯುವ ನೀರಿನ ಪ್ರತಿ ಕೊಡವೂ ಹೆಂಗಸರ ತಲೆಯ ಮೇಲೆ ಹೊಳೆಯಿಂದಲೇ ಬರಬೇಕು. ಆ ಊರಿಗೆ ಕೊನೆಗೂ ನಲ್ಲಿ ನೀರಿನ ಯೋಜನೆ ಮಂಜೂರಾಗಿತ್ತು. ದಂಡೆಯಲ್ಲಿ ಒಂದು ಜಾಕ್‌ವೆಲ್, ಅಂದರೆ ಹೊಳೆಯ ನೀರನ್ನು ಒಳಗೆ ಬಿಟ್ಟುಕೊಂಡು ಪಂಪಿನಿಂದ ಮೇಲೆತ್ತುವ ಆಳವಾದ ಬಾವಿ. ಅಲ್ಲಿಂದ ಊರಿನ ಟ್ಯಾಂಕಿಗೆ ಪೈಪು. ಜಾಕ್‌ವೆಲ್ಲಿಗೆ ಗುರುತಿಸಿದ ಜಾಗ ಹೆಬ್ಬಂಡೆಗಳ ಗುಡ್ಡೆ, ಅದು ಅರಣ್ಯ ಇಲಾಖೆಯ ಸರಹದ್ದು. ಬಂಡೆಗೆ ಮದ್ದು ಹಾಕಿ ಸಿಡಿಸದೆ ಬಾವಿ ತೋಡಲಾಗದು. ಸ್ಥಳ ನೋಡಿ ನಾನು ಲಿಖಿತ ಒಪ್ಪಿಗೆ ಕೊಟ್ಟ ಮೇಲಷ್ಟೇ ಬ್ಲಾಸ್ಟಿಂಗ್ ಎಂಬ ಷರತ್ತು ಮಂಜೂರಾತಿಯಲ್ಲಿತ್ತು.

ಜನವರಿಯಲ್ಲಿ ನಮ್ಮ ಗಾರ್ಡ್ ಹುಲುಗಪ್ಪನನ್ನು ಕರೆದುಕೊಂಡು ಹೋದೆ. ಇದೇನು ಮಹಾ, ಹೋಗಿ ಸಹಿ ಹಾಕಿ ಊಟದ ಹೊತ್ತಿಗೆ ವಾಪಸ್ಸು ಎಂದುಕೊಂಡಿದ್ದೆ. ಗುಡ್ಡೆ ಹತ್ತುತ್ತಿದ್ದಂತೆ ಮೀನಿನ ವಾಸನೆ ಮೂಗಿಗೆ ಬಡಿಯಿತು. ಕೆಸರಿನಲ್ಲಿ ಬೆರಳುಗಳ ನಡುವೆ ಪೊರೆಯಿರುವ ಹೆಜ್ಜೆಗಳು. ಎರಡು ಬಂಡೆಗಳ ಸಂದಿನೊಳಗಿಂದ ಸಣ್ಣ ಸಿಳ್ಳೆಯಂಥ ದನಿ ಬಂತು. ನಾವು ಹಿಂದೆ ಸರಿದು ಮರೆಯಲ್ಲಿ ಕೂತೆವು. ಸ್ವಲ್ಪ ಹೊತ್ತಿಗೆ ನೀರಿನಿಂದ ಚಪ್ಪಟೆ ತಲೆಯೊಂದು ಎದ್ದಿತು. ನೀರುನಾಯಿ! ಬಾಯಲ್ಲಿ ಮೀನು ಕಚ್ಚಿಕೊಂಡು ಸಂದಿನೊಳಗೆ ನುಗ್ಗಿತು. ಒಳಗೆ ಮರಿಗಳ ಗಲಾಟೆ.

ನೀರುನಾಯಿಯ ಮರಿಗಳು ಹುಟ್ಟುವಾಗ ಕುರುಡು. ಎರಡು ತಿಂಗಳವರೆಗೆ ಅವುಗಳಿಗೆ ಸರಿಯಾಗಿ ಈಜೂ ಬಾರದು, ನನ್ನ ಹಾಗೆಯೇ. ಅಲ್ಲಿ ಮದ್ದು ಸಿಡಿದರೆ ಬಿಲದೊಳಗಿನ ಒಂದೂ ಉಳಿಯುವುದಿಲ್ಲ. ಇತ್ತ ಯೋಜನೆಯ ಎಂಜಿನಿಯರ್ ಬಸವರಾಜನಿಗೂ ಗಡುವಿತ್ತು. ದಾವಣಗೆರೆಯ ಹುಡುಗ, ಪ್ರಾಮಾಣಿಕ, ಸದಾ ಅವಸರ. "ಸಾರ್, ಮಲೆನಾಡಿನಾಗೆ ಮಳೆ ಹಿಡಿದ್ರೆ ಹಿನ್ನೀರು ಏರಿ ಈ ಜಾಗನೇ ಮುಳುಗುತ್ತೆ. ಶಿವರಾತ್ರಿ ಹೊತ್ತಿಗೆ ಬಂಡೆ ಒಡೆಯಾಕೆ ಶುರು ಮಾಡದಿದ್ರೆ ಊರಿಗೆ ಇನ್ನೊಂದು ವರ್ಷ ನೀರಿಲ್ಲ" ಎಂದ. ಅವನ ಮಾತಿನಲ್ಲಿ ಸುಳ್ಳಿರಲಿಲ್ಲ.

ಕೆಲಸ ನಿಲ್ಲಿಸುವಂತೆ ನೋಟಿಸು ಬರೆದೆ. ಆ ಕಾಲಕ್ಕೆ ನೋಟಿಸು ಬರೆಯುವುದೆಂದರೆ ನನಗೆ ಹೋಳಿಗೆ ಊಟ. ಆದರೆ ನೋಟಿಸು ದಂಡೆ ಕಾಯುವುದಿಲ್ಲ. ಅಷ್ಟುದ್ದದ ಹೊಳೆಗೆ ಹುಲುಗಪ್ಪನೊಬ್ಬನೇ ಕಾವಲು. ನೀರು ತಪ್ಪಿತೆಂಬ ಸಿಟ್ಟಿನಲ್ಲಿ ಊರಿನ ನಾಲ್ಕು ಜನ ಬಿಲಕ್ಕೆ ಮೆಣಸಿನಕಾಯಿ ಹೊಗೆ ಹಾಕುವ ಮಾತಾಡಿಕೊಳ್ಳುತ್ತಿದ್ದಾರೆಂದು ಅವನೇ ಬಂದು ಹೇಳಿದ. ಗ್ರಾಮ ಪಂಚಾಯ್ತಿಯ ಒಪ್ಪಿಗೆಯಿಲ್ಲದೆ ಇದು ಬಗೆಹರಿಯದು ಎಂದು ಅಧ್ಯಕ್ಷರ ಮನೆಗೆ ಹೋದೆ.

ಅಧ್ಯಕ್ಷೆಯ ಹೆಸರು ಕೊಟ್ರಮ್ಮ. ಮಹಿಳಾ ಮೀಸಲಾತಿ ಬಂದ ಹೊಸತು. ಎಷ್ಟೋ ಕಡೆ ಹೆಂಡತಿ ಸಹಿಗೆ, ಗಂಡ ಸಭೆಗೆ. ಇಲ್ಲಿ ಹಾಗಿರಲಿಲ್ಲ. "ಯಜಮಾನರು ಇದ್ದಾರಾ?" ಎಂದು ಕೇಳಿದ್ದಕ್ಕೆ, "ಅವರು ಸಂತಿಗೆ ಹೋಗ್ಯಾರ. ಅಧ್ಯಕ್ಷಿ ನಾನು. ಮೆಲ್ಲಕ ಮಾತಾಡ್ರಿ, ಒಳಗ ಬಾಣಂತಿ ಅದಾಳ" ಎಂದರು. ಮಗಳು ಸುಜಾತ ಚೊಚ್ಚಲ ಹೆರಿಗೆಗೆ ಬಂದಿದ್ದಳು. ಹೆಣ್ಣು ಕೂಸು. ನಾನು ದನಿ ತಗ್ಗಿಸಿ ವನ್ಯಜೀವಿ ಕಾಯ್ದೆ, ಅದರ ಸೆಕ್ಷನ್ನುಗಳು, ಶಿಕ್ಷೆಯ ವಿವರ ಎಲ್ಲವನ್ನೂ ಓದಿ ಹೇಳಿದೆ. ನಡುವೆ ಎದುರು ಮನೆಯಲ್ಲಿ ಯಾರೋ ಒರಳಿನಲ್ಲಿ ಖಾರ ಕುಟ್ಟಲು ಶುರು ಮಾಡಿದರು. ಕೊಟ್ರಮ್ಮ ಎದ್ದು ಬಾಗಿಲಿಗೆ ಹೋಗಿ ಬರೇ ಬೆರಳೆತ್ತಿ ತೋರಿಸಿದರು. ಕುಟ್ಟುವುದು ನಿಂತೇಹೋಯಿತು. ನನ್ನ ನೋಟಿಸಿಗಿಲ್ಲದ ತಾಕತ್ತು ಆ ಬೆರಳಿಗಿತ್ತು.

ವಾಪಸ್ಸು ಬಂದು ಕೂತು, "ಮಗಳಿಗೆ ಎರಿಯಾಕ ದಿನಾ ಹೊಳಿಯಿಂದ ಕೊಡ ಹೊತ್ತು ನನ್ನ ನೆತ್ತಿ ಸವದೈತಿ ಸಾಹೇಬ್ರ. ನೀರಿಗೆ ನಾಯಿ ಅಡ್ಡ ಬಂತು ಅಂತ ಊರಿಗೆ ಹ್ಯಾಂಗ ಹೇಳ್ಲಿ?" ಎಂದರು. "ಹೇಳೋದು ಬ್ಯಾಡ್ರಿ. ಒಂದ್ಸಲ ಬಂದು ನೋಡ್ರಿ" ಎಂದೆ.

ಮರುದಿನ ಬೆಳಗ್ಗೆ ಕೊಟ್ರಮ್ಮ ನಮ್ಮ ಜೊತೆ ಬಂಡೆಯ ಮರೆಯಲ್ಲಿ ಕೂತರು. ಮೊದಲು ಗಂಡು ನೀರುನಾಯಿ ಮೀನು ತಂದಿತು. ಹೆಣ್ಣು ಸಂದಿನಿಂದ ಅರ್ಧ ಮೈ ಹೊರಗೆ ಹಾಕಿ, ಮೀನು ಕಸಿದುಕೊಂಡು, ಥಟ್ಟನೆ ಒಳಗೆ ಹೋಯಿತು. ಹಿಂದೆಯೇ ಒಳಗಿನಿಂದ ಎಳೆಯ ಅಳು ಕೇಳಿತು. ಕೊಟ್ರಮ್ಮನ ಕೈ ತಾನಾಗಿ ಬಾಯಿಗೆ ಹೋಯಿತು.

"ಕೂಸಿನ ದನಿ ಆಗೇತಲ್ರಿ ಇದು!" ಎಂದವರು ನನ್ನ ಕಡೆ ತಿರುಗಿ ಗದರಿದರು. "ಬಾಣಂತಿ ಅದಾಳ ಅಂತ ಮೊದಲ ಹೇಳಬಾರದೇನ್ರಿ? ಸೆಕ್ಷನ್ನು ಗಿಕ್ಷನ್ನು ಅಂತ ಏನೇನೋ ಓದಿದ್ರಿ."

ಅಂದೇ ಪಂಚಾಯ್ತಿ ಕಚೇರಿಯಲ್ಲಿ ಸಭೆ ಸೇರಿತು. ಕೊಟ್ರಮ್ಮ ವಿಷಯ ಹೇಳುತ್ತಿದ್ದಂತೆ ಮೀನು ಹಿಡಿಯುವ ದುರುಗಪ್ಪ ಎದ್ದು ನಿಂತ. "ನನ್ನ ಬಲಿ ಹರದು ಮೀನು ತಿಂದಾಕಿ ಆಕಿ. ಆಕಿ ಬಾಣಂತನ ನಾವು ಮಾಡಬೇಕೇನು?"

"ಮಾಡು" ಎಂದರು ಕೊಟ್ರಮ್ಮ. "ಹೇಣ್ತೀನ ತವರಿಗೆ ಕಳಿಸಿ ನೀ ಎರಡು ಸಲ ತಪ್ಪಿಸಿಕೊಂಡೀದಿ. ಈಗರ ಮಾಡು." ಸಭೆಯೆಲ್ಲ ಗೊಳ್ಳೆಂದು ನಕ್ಕಿತು. ದುರುಗಪ್ಪನೂ ನಕ್ಕು ಕೂತ.

ನಗದೆ ಉಳಿದವನು ಬಸವರಾಜನೊಬ್ಬನೇ. "ನೀರೂ ಬರಬೇಕು, ಸದ್ದೂ ಆಗಬಾರ್ದು ಅಂದ್ರೆ ಹೆಂಗಮ್ಮಾ?" ಎಂದು ಕೇಳಿದ. ಅವನ ದನಿಯಲ್ಲಿ ಅಳು ಬೆರೆತಿತ್ತು.

"ಬಾಣಂತಿ ಇದ್ದ ಮನ್ಯಾಗ ಕೆಲಸ ನಿಲ್ಲತೈತೇನ್ರಿ? ಕುಟ್ಟೋದು ಮಾತ್ರ ಮುಂದಕ್ಕ ಹಾಕ್ತೀವಿ. ಸೋಸೋದು, ಹೆಚ್ಚೋದು ಎಲ್ಲಾ ನಡೀತೈತಿ. ನಿಮ್ಮ ಕೆಲಸದಾಗ ಸದ್ದಿಲ್ಲದ್ದು ಒಂದೂ ಇಲ್ಲೇನು?"

ಬಸವರಾಜ ನಕ್ಷೆಯನ್ನು ಮೇಜಿನ ಮೇಲೆ ಹರಡಿ ಬಾಗಿ ಕೂತ. ಇಂಥ ಯೋಜನೆಯಲ್ಲಿ ಮೊದಲು ಜಾಕ್‌ವೆಲ್, ಆಮೇಲೆ ಪೈಪು, ಕೊನೆಗೆ ಟ್ಯಾಂಕು ಎಂಬುದು ರೂಢಿ. ಅವನು ಅದನ್ನು ತಿರುವಿ ಹಾಕಿದ. ಮೊದಲು ಊರೊಳಗಿನ ಟ್ಯಾಂಕು, ನಂತರ ಊರಿನಿಂದ ಹೊಳೆಯ ಕಡೆಗೆ ಪೈಪಿನ ಕಾಲುವೆ, ಬಂಡೆಯ ಕೆಲಸ ಕಟ್ಟಕಡೆಗೆ. ಮಾತಿನಲ್ಲಿ ಸುಲಭ. ಆದರೆ ಮರಿಗಳು ಹೊತ್ತಿಗೆ ಸರಿಯಾಗಿ ಹೊರಬೀಳದಿದ್ದರೆ ನೀರಿಲ್ಲದ ಟ್ಯಾಂಕು, ನೀರಿಲ್ಲದ ಪೈಪು ಊರಿನ ಎದುರು ನಿಲ್ಲುತ್ತಿದ್ದವು. ಮೇಲಿನವರಿಗೆ ಉತ್ತರ ಹೇಳಬೇಕಾದವನು ಅವನು. ಅಂಥ ಎದೆಗಾರಿಕೆಯನ್ನು ನಾನು ಅವನಿಂದ ನಿರೀಕ್ಷಿಸಿರಲಿಲ್ಲ.

ಆ ದಿನಗಳನ್ನು ನೆನೆದರೆ ಈಗಲೂ ಖುಷಿಯಾಗುತ್ತದೆ. ಹೆಂಗಸರು ಬಟ್ಟೆ ಒಗೆಯುವ ಕಲ್ಲುಗಳನ್ನು ಬಿಟ್ಟು ದೂರದ ಇಳಿಜಾರಿಗೆ ಹೋದರು. ಗುಡ್ಡೆಯ ಹತ್ತಿರ ದನ ಮೇಯಿಸುವವರು ಕೂಗಾಡುವುದನ್ನು ಬಿಟ್ಟರು. ಗಂಡು ನೀರುನಾಯಿ ಮೀನು ತಂದುಕೊಡುವ ಸುದ್ದಿಯಂತೂ ಮನೆಮನೆಗೆ ಹಬ್ಬಿ, ಊರಿನ ಗಂಡಸರಿಗೆ ತಲೆ ಎತ್ತಿ ತಿರುಗಾಡುವುದೇ ಕಷ್ಟವಾಯಿತು. "ಅದಕ್ಕ ಇರೋ ಬುದ್ಧಿ ನಿಮಗೆಲ್ಲೈತಿ?" ಎಂದು ಹೆಂಡತಿ ದಿನವೂ ಚುಚ್ಚುತ್ತಾಳೆಂದು ಹುಲುಗಪ್ಪ ನನ್ನ ಬಳಿ ದೂರು ತಂದ. ಅವನಿಗೆ ಕಾವಲಿನ ಕೆಲಸವೇ ಉಳಿಯಲಿಲ್ಲ, ಊರೇ ಕಾಯುತ್ತಿತ್ತು. ದುರುಗಪ್ಪನೂ ಗೊಣಗುತ್ತಲೇ ಬಲೆಯನ್ನು ಹರಿವಿನ ಕೆಳಗಡೆಗೆ ಸಾಗಿಸಿದ.

ಶಿವರಾತ್ರಿ ಬಂತು, ಹೋಯಿತು. ಟ್ಯಾಂಕು ಎದ್ದು ನಿಂತಿತ್ತು, ಪೈಪಿನ ಕಾಲುವೆ ಗುಡ್ಡೆಯ ಸಮೀಪಕ್ಕೆ ಬಂದು ನಿಂತಿತ್ತು. ಬಸವರಾಜ ಮಾತು ಕಡಿಮೆ ಮಾಡಿದ. ನನಗೂ ಊಟ ರುಚಿಸುತ್ತಿರಲಿಲ್ಲ. ಅಷ್ಟರಲ್ಲಿ ಕೊಟ್ರಮ್ಮನಿಂದ ಕರೆ ಬಂತು. ಬಾಣಂತಿ ಮೊದಲ ಸಲ ನೀರಿಗೆ ಬರುವಾಗ ನಮ್ಮ ಕಡೆ ಗಂಗೆ ಪೂಜೆ ಮಾಡುತ್ತಾರೆ. ಸುಜಾತಳ ಪೂಜೆಗೆ ನಾವಿಬ್ಬರೂ ಬೆಳಗಿನ ಜಾವವೇ ಹೊಳೆಗೆ ಬರಬೇಕಂತೆ. "ಪೂಜೆಯಂತೆ! ನನ್ನ ಬಾವಿ ಪೂಜೆ ಯಾವಾಗ ಸಾರ್?" ಎಂದು ಬಸವರಾಜ ದಾರಿಯುದ್ದಕ್ಕೂ ರೇಗಿದ.

ದಂಡೆಯಲ್ಲಿ ಐದು ಕಲ್ಲು ಇಟ್ಟು ಅರಿಶಿಣ ಕುಂಕುಮ ಹಚ್ಚಿದ್ದರು. ಬುಟ್ಟಿಯಲ್ಲಿ ಬೇಯಿಸಿದ ಕಾಳಿನ ಗುಗ್ಗರಿ ಇತ್ತು. ಸುಜಾತ ಕಿವಿ ಮುಚ್ಚುವಂತೆ ಸೆರಗು ಸುತ್ತಿಕೊಂಡಿದ್ದಳು, ಕೂಸು ಅಜ್ಜಿಯ ತೋಳಿನಲ್ಲಿತ್ತು. ಆದರೆ ಯಾರೂ ಪೂಜೆ ಶುರು ಮಾಡಿರಲಿಲ್ಲ. ಅಷ್ಟೂ ಹೆಂಗಸರು ಗುಡ್ಡೆಯ ಕಡೆ ನೋಡುತ್ತ ನಿಂತಿದ್ದರು. ಕೊಟ್ರಮ್ಮ ನಮ್ಮನ್ನು ಕಂಡು ತುಟಿಯ ಮೇಲೆ ಬೆರಳಿಟ್ಟರು.

ತಾಯಿ ನೀರುನಾಯಿ ಒಂದು ಮರಿಯ ಕತ್ತು ಕಚ್ಚಿ ನೀರಿಗೆ ಎಳೆಯುತ್ತಿತ್ತು. ಮರಿ ಕಿರುಚಿ, ಒದ್ದಾಡಿ, ಮತ್ತೆ ದಂಡೆ ಹತ್ತುತ್ತಿತ್ತು. ತಾಯಿ ಬಿಡಲಿಲ್ಲ. ಎರಡು ಮರಿಗಳು ಆಗಲೇ ನೀರಿನಲ್ಲಿ ತಂದೆಯ ಸುತ್ತ ಉರುಳಾಡುತ್ತಿದ್ದವು. ಮೂರನೆಯದು, ಮಹಾ ಪುಕ್ಕಲು, ಕೊನೆಗೂ ಕೈಕಾಲು ಬಡಿದು ತೇಲಿತು. ಹೆಂಗಸರು ಸೆರಗು ಬಾಯಿಗಿಟ್ಟು ನಕ್ಕರು. ಬಸವರಾಜ ಗಟ್ಟಿಯಾಗಿ ನಕ್ಕು ಬೈಸಿಕೊಂಡ. ನನಗೆ ಕಣ್ಣು ತುಂಬಿ ಬಂತು, ಒರೆಸಿಕೊಳ್ಳಲೂ ಇಲ್ಲ.

"ನಾಕು ದಿನಾತು, ದಿನಾ ಮುಂಜಾನಿ ಇಳಸ್ತಾಳ" ಎಂದರು ಕೊಟ್ರಮ್ಮ. "ನಮ್ಮಾಕಿಗಿಂತ ಮೊದಲ ಹಡದಾಕಿ ಆಕಿ. ಆಕೀದು ಮೊದಲ ಆಗ್ಲಿ ಅಂತ ನನ್ನ ಮಗಳ ಪೂಜಿ ತಡದಿದ್ದೆ."

ಆಮೇಲೆ ಪೂಜೆ ನಡೆಯಿತು. ಸುಜಾತ ಪುಟ್ಟ ಕೊಡದಲ್ಲಿ ನೀರು ತುಂಬಿಕೊಂಡಳು. ನಾವು ಬೊಗಸೆ ತುಂಬ ಗುಗ್ಗರಿ ತಿಂದೆವು. ಕೆಲವೇ ದಿನಗಳಲ್ಲಿ ನೀರುನಾಯಿಗಳು ಸಂಸಾರ ಸಮೇತ ಹೊಳೆಯ ನಡುಗಡ್ಡೆಗೆ ಹೋದವು. ಬಿಲ ಖಾಲಿಯಾಗಿದೆ ಎಂದು ಮತ್ತೆ ಮತ್ತೆ ಖಾತ್ರಿ ಮಾಡಿಕೊಂಡು ಬ್ಲಾಸ್ಟಿಂಗಿಗೆ ಸಹಿ ಹಾಕಿದೆ. ಟ್ಯಾಂಕು, ಪೈಪು ಎರಡೂ ತಯಾರಿದ್ದುದರಿಂದ ಬಸವರಾಜ ಎಲ್ಲ ಆಳುಗಳನ್ನೂ ಬಾವಿಗೇ ಹಚ್ಚಿದ. ಹಿನ್ನೀರು ಏರುವ ಮೊದಲೇ ಊರಿನ ನಲ್ಲಿಯಲ್ಲಿ ಸಿಹಿನೀರು ಬಂತು. ಮೊದಲ ಕೊಡ ತುಂಬಿದಾಗ ಕೊಟ್ರಮ್ಮ ಅದನ್ನು ತಲೆಗೇರಿಸದೆ ಸೊಂಟದ ಮೇಲಿಟ್ಟುಕೊಂಡು ನಾಲ್ಕೇ ಹೆಜ್ಜೆಗೆ ಮನೆ ಸೇರಿದರು. ದುರುಗಪ್ಪ ನೆಂಟರಿಗೆ "ನಮ್ಮ ನೀರ್ನಾಯಿ" ತೋರಿಸಲು ಕರೆದೊಯ್ಯತೊಡಗಿದ.

ಕಾಯ್ದೆಯಿಂದ ಮರಿಗಳು ಉಳಿದವೆಂದು ವರದಿ ಬರೆದೆ. ಸುಳ್ಳೇನಲ್ಲ, ಕಾಯ್ದೆಯಿಲ್ಲದಿದ್ದರೆ ನಾನು ಆ ಗುಡ್ಡೆ ಹತ್ತುತ್ತಲೇ ಇರಲಿಲ್ಲ. ಆದರೆ ನಾನು ಓದಿ ಹೇಳಿದಾಗ ಅದು ಸರ್ಕಾರದ ಮಾತು. ಕೊಟ್ರಮ್ಮ ಬಂಡೆಯ ಮರೆಯಲ್ಲಿ ಕೂತು ಕೇಳಿದ ಮೇಲೆ ಊರಿನ ಮಾತಾಯಿತು. ಆಮೇಲಿನ ನೌಕರಿಯಲ್ಲಿ ಎಲ್ಲಿಗೆ ಹೋದರೂ ಮೊದಲು ಪ್ರಾಣಿಯನ್ನು ತೋರಿಸಿದೆ, ಸೆಕ್ಷನ್ನನ್ನು ಆಮೇಲೆ ಹೇಳಿದೆ.

ಐದಾರು ವರ್ಷಗಳ ಮೇಲೆ, ಬೇರೆ ಜಿಲ್ಲೆಯಲ್ಲಿದ್ದಾಗ, ಬಸವರಾಜನ ಫೋನು ಬಂತು. ಹಡಗಲಿ ಕಡೆ ಹೊಳೆಗೆ ಮೆಟ್ಟಿಲು ಕಟ್ಟಿಸುವ ಕೆಲಸ ಅವನ ಪಾಲಿಗೆ ಬಂದಿತ್ತಂತೆ. "ಏನು ತೊಂದರೆ? ಅಲ್ಲಿನ ಆರ್.ಎಫ್.ಓ. ನೋಟಿಸು ಕೊಟ್ಟರಾ?" ಎಂದು ಕೇಳಿದೆ.

"ಅವರಿನ್ನೂ ಬಂದೇ ಇಲ್ಲ ಸಾರ್. ನಾನೇ ದಂಡೆ ನೋಡ್ಕೊಂಡು ಬಂದೆ" ಎಂದ. ದನಿಯಲ್ಲಿ ನಗು ತುಂಬಿತ್ತು. "ಇಬ್ರು ಬಾಣಂತೇರು ಅದಾರೆ. ಮೇಲಿನ ರಸ್ತೆ ಕೆಲಸ ಮೊದಲು ಶುರು ಮಾಡಿದೀನಿ."