ಕಸ್ತೂರೆಮ್ಮ ಕಟ್ಟಿದ ಪೆಟ್ಟಿಗೆ

ಮಸ್ಕಿಯ ಬಸ್ ನಿಲ್ದಾಣದ ಎದುರಿಗೆ, ಚಹಾದ ಹೋಟೆಲಿನ ಮಗ್ಗುಲಲ್ಲಿ ಕಸ್ತೂರೆಮ್ಮನ ರೇಡಿಯೋ ರಿಪೇರಿ ಅಂಗಡಿ ಇತ್ತು. ಹೊಸಬರು ಬಂದರೆ ಮೊದಲು ಕೇಳುತ್ತಿದ್ದುದು, ‘ಮೇಸ್ತ್ರಿ ಎಲ್ಲಿ ಹೋಗ್ಯಾನ?’ ಎಂದು. ‘ನಾನೇ ಮೇಸ್ತ್ರಿ, ಇಡು ಇಲ್ಲೆ’ ಎಂದು ಅವಳು ತಲೆ ಎತ್ತದೆ ಹೇಳುವಳು. ಹತ್ತು ವರ್ಷ ಇದೊಂದೇ ಮಾತನ್ನು ಹೇಳಿ ಅವಳ ದನಿ ಗಡುಸಾಗಿತ್ತು. ಊರಲ್ಲಿ ಅವಳಿಗೆ ಸಿಟ್ಟಿನ ಹೆಂಗಸು ಎಂದೇ ಹೆಸರು.

ಕೆಲಸ ಅವಳಿಗೆ ಅಪ್ಪನಿಂದ ಬಂದದ್ದು. ಅಪ್ಪ ಪಕೀರಪ್ಪ ಟೂರಿಂಗ್ ಟಾಕೀಸಿನಲ್ಲಿ ಆಪರೇಟರ್. ತುರ್ವಿಹಾಳ, ಬಳಗಾನೂರು ಎಂದು ಡೇರೆ ಹೋದಲ್ಲೆಲ್ಲ ಮಗಳೂ ಹೋಗುತ್ತಿದ್ದಳು. ಊರಿನ ಹುಡುಗಿಯರೆಲ್ಲ ಪರದೆಯ ಕಡೆ ಮುಖ ಮಾಡಿ ಕೂತರೆ ಇವಳು ಅಪ್ಪನ ಮಗ್ಗುಲಲ್ಲಿ ಆಂಪ್ಲಿಫೈಯರಿನ ಕಡೆ ಮುಖ ಮಾಡಿ ಕೂರುವಳು. ಅದರೊಳಗೆ ದೀಪದ ಹಾಗೆ ಉರಿಯುವ ಗಾಜಿನ ವಾಲ್ವುಗಳಲ್ಲಿ ಯಾವುದು ಮಂಕಾದರೆ ಯಾವ ದನಿ ಒಡೆಯುತ್ತದೆ ಎನ್ನುವುದು ಅವಳಿಗೆ ಹನ್ನೆರಡನೇ ವಯಸ್ಸಿಗೇ ಗೊತ್ತಿತ್ತು. ಮುಂದೆ ಅಪ್ಪನ ಕಣ್ಣು ಮಂಜಾದಾಗ ಬೆಸುಗೆಯ ಕಡ್ಡಿ ಇವಳ ಕೈಗೆ ಬಂತು. ಗಂಡ ದುರುಗಪ್ಪ ಲಾರಿ ಡ್ರೈವರ್. ಸಿಂಧನೂರಿನ ಮಿಲ್ಲುಗಳಿಂದ ಅಕ್ಕಿ ಹೇರಿಕೊಂಡು ಹೈದರಾಬಾದಿಗೆ ಹೋಗಿಬರುವವನು. ಹೆಂಡತಿ ಅಂಗಡಿ ಇಟ್ಟದ್ದಕ್ಕೆ ಅವನು ಬೇಡ ಅನ್ನಲಿಲ್ಲ. ಅಂದಿದ್ದರೂ ಅವಳು ಕೇಳುತ್ತಿರಲಿಲ್ಲ.

ಎಂಬತ್ತೆಂಟರ ಬೇಸಿಗೆಯಲ್ಲಿ ಲಿಂಗಸುಗೂರಿನ ಡಾಕ್ಟರ್ ಶಿವಶರಣಪ್ಪನವರ ಕಾರು ಅಂಗಡಿಯ ಮುಂದೆ ನಿಂತಿತು. ಐದು ವರ್ಷ ವಿಲಾಯತಿಯಲ್ಲಿ ಓದಿ ಬಂದವರು. ಕಾರಿನ ಟೇಪ್ ರೆಕಾರ್ಡರು ಹಾಡನ್ನು ಎಳೆದೆಳೆದು ಹಾಡುತ್ತಿತ್ತು. ಕಸ್ತೂರೆಮ್ಮ ಬೆಲ್ಟು ಬದಲಿಸಿ ಅರ್ಧ ತಾಸಿನಲ್ಲಿ ಸರಿಮಾಡಿದಳು. ಅದನ್ನು ಕೂರಿಸುವಾಗ ಕಾರಿನ ಹಿಂದಿನ ಸೀಟಿನಲ್ಲಿ ಅಂಗೈಯಗಲದ ಎರಡು ಚಪ್ಪಟೆ ಬಿಲ್ಲೆಗಳಿದ್ದ ಹೆಡ್‌ಫೋನು, ಅದರ ಜೊತೆ ಕಬ್ಬಿಣದ ಡಬ್ಬಿಯೊಂದು ಕಣ್ಣಿಗೆ ಬಿತ್ತು. ಕೈ ಚಾಚಿದಳು.

ಡಾಕ್ಟರು ಅವಳಿಗಲ್ಲ, ಪಕ್ಕದಲ್ಲಿ ಬೀಡಿ ಸೇದುತ್ತಿದ್ದ ದುರುಗಪ್ಪನಿಗೆ ಹೇಳಿದರು. ‘ಅದನ್ನ ಮುಟ್ಟಬ್ಯಾಡ ಅಂತ ಹೇಳಪಾ ಆಕಿಗೆ. ಡಬ್ಬಿ ಸುಟ್ಟೈತಿ. ಮುಂಬಯಿದವರೇ ಆಗಂಗಿಲ್ಲ ಅಂತ ವಾಪಸ್ ಕಳಿಸ್ಯಾರ.’

‘ನನಗೂ ಕಿವಿ ಅದಾವ್ರಿ ಸಾಹೇಬ್ರ,’ ಅಂದಳು ಕಸ್ತೂರೆಮ್ಮ. ‘ನನಗೇ ಹೇಳ್ರಿ.’

ಉತ್ತರಕ್ಕೆ ಕಾಯದೆ ಎರಡನ್ನೂ ಎತ್ತಿಕೊಂಡು ಅವಳೇ ಸ್ಕ್ರೂ ಬಿಚ್ಚಿ ನೋಡಿದಳು. ಮಾಮೂಲಿ ಹೆಡ್‌ಫೋನಿನಲ್ಲಿ ಅಯಸ್ಕಾಂತ ಇರುತ್ತದೆ, ಸುರುಳಿ ಇರುತ್ತದೆ. ಇದರಲ್ಲಿ ಎರಡೂ ಇರಲಿಲ್ಲ. ತೂತು ತೂತಾದ ಎರಡು ತಗಡುಗಳ ನಡುವೆ ಉಳ್ಳಾಗಡ್ಡಿಯ ಒಳಪೊರೆಗಿಂತ ತೆಳ್ಳಗಿನ ಹಾಳೆ, ಅಷ್ಟೇ. ಆ ಹಾಳೆಗೆ ಐನೂರೆಂಬತ್ತು ವೋಲ್ಟು ಕೊಡಬೇಕೆಂದು ಡಬ್ಬಿಯ ಮುಚ್ಚಳದ ಒಳಗೆ ಬರೆದಿತ್ತು. ಹಾಡು ಕೂಡ ನೂರಾರು ವೋಲ್ಟಿಗೆ ಏರಿ ಆ ತಗಡುಗಳಿಗೆ ಬರಬೇಕು; ಆಗ ಹಾಳೆ ನಡುಗಿ ದನಿಯಾಗುತ್ತದೆ. ಅದನ್ನೆಲ್ಲ ಮಾಡುತ್ತಿದ್ದ ಡಬ್ಬಿ ಒಳಗೆ ಕರಕಲಾಗಿತ್ತು.

‘ರಿಪೇರಿ ಆಗಂಗಿಲ್ಲ ಖರೇ. ಹೊಸದು ಕಟ್ಟಿಕೊಡ್ತೀನಿ. ಆರು ತಿಂಗಳು ಬೇಕು.’

ಡಾಕ್ಟರು ನಕ್ಕರು. ಹೇಗೂ ಕೆಟ್ಟ ವಸ್ತು, ಕಳೆದುಕೊಳ್ಳುವುದೇನೂ ಇರಲಿಲ್ಲ. ಎರಡನ್ನೂ ಅಂಗಡಿಯಲ್ಲೇ ಬಿಟ್ಟು ಹೋದರು.

ಮರುದಿನವೇ ಸಾಮಾನು ಹುಡುಕಲು ಹೊರಟಳು. ವಾಲ್ವು ಎಲ್ಲಿ ಸಿಗುತ್ತವೆಂದು ಅವಳಿಗೆ ಗೊತ್ತಿತ್ತು. ಮುಚ್ಚಿಹೋದ ಟಾಕೀಸಿನ ಆಂಪ್ಲಿಫೈಯರು ಬಳಗಾನೂರಿನ ಒಂದು ಗೋದಾಮಿನಲ್ಲಿ ಭತ್ತದ ಚೀಲಗಳ ಹಿಂದೆ ಬಿದ್ದಿತ್ತು. ಅಪ್ಪ ದಿನಾ ಒರೆಸಿಡುತ್ತಿದ್ದ ಪೆಟ್ಟಿಗೆಯಲ್ಲಿ ಇಲಿಗಳು ಮರಿ ಹಾಕಿದ್ದವು. ಯಾರನ್ನು ಬೈಯಬೇಕೆಂದು ತಿಳಿಯದೆ ಅವಳು ಇಲಿಗಳನ್ನೇ ಬೈದಳು. ಎಂಟು ವಾಲ್ವುಗಳಲ್ಲಿ ನಾಲ್ಕಕ್ಕೆ ಜೀವವಿತ್ತು. ಬೇಕಾದದ್ದೂ ನಾಲ್ಕೇ.

ವೋಲ್ಟು ಏರಿಸುವ ಟ್ರಾನ್ಸ್‌ಫಾರ್ಮರಿಗಾಗಿ ಸಿಂಧನೂರಿಗೆ, ಪಂಪ್‌ಸೆಟ್ ಮೋಟಾರುಗಳ ತಂತಿ ಸುತ್ತುವ ಮಸ್ತಾನಸಾಬನ ಹತ್ತಿರ ಹೋದಳು. ಅಪ್ಪನ ಕಾಲದ ಸ್ನೇಹಿತ, ಅವಳಿಗೆ ಚಾಚಾ. ಸುಟ್ಟ ಸ್ಟೆಬಿಲೈಜರಿನ ಕಬ್ಬಿಣದ ಪಟ್ಟಿಗಳನ್ನು ಕೊಟ್ಟ, ಸುತ್ತುಗಳ ನಡುವೆ ಹಾಕುವ ಕಾಗದ ಕೊಟ್ಟ, ವಾರ್ನಿಶ್ ಕೊಟ್ಟ. ಹೆಡ್‌ಫೋನಿನ ಐದು ಕಡ್ಡಿಯ ಪಿನ್ನಿಗೆ ಹೊಂದುವ ಸಾಕೆಟ್ಟು ಹೈದರಾಬಾದಿನಲ್ಲೂ ಸಿಗುವಂಥದ್ದಲ್ಲ. ಮೋಟಾರಿನೊಳಗೆ ಹಾಕುವ ಕಂದು ಹಲಗೆಯ ತುಂಡಿಗೆ ಐದು ತೂತು ಕೊರೆದು, ಹಳೆಯ ವಾಲ್ವ್ ಸಾಕೆಟ್ಟಿನ ಹಿತ್ತಾಳೆ ಕೊಳವೆಗಳನ್ನು ಕೂರಿಸಿ ಅದನ್ನೂ ಇಬ್ಬರೂ ಮಾಡಿದರು.

‘ಆದ್ರ ತಂತಿ ಇಲ್ಲ ಬೇಟಾ,’ ಅಂದ ಚಾಚಾ. ‘ನನ್ನ ಹಂತ್ಯಾಕ ಇರೋದು ದಪ್ಪಂದು. ನಿನಗ ಕೂದಲೆಳಿಯಂಥಾದು ಬೇಕು.’

ಆ ತಂತಿಯನ್ನು ದುರುಗಪ್ಪ ಹೈದರಾಬಾದಿನಿಂದ ತಂದ. ಮೊದಲ ಸಲ ತಂದದ್ದು ತಪ್ಪು ಅಳತೆ. ಎರಡನೆಯ ಸಲವೂ ತಪ್ಪು. ಮೂರನೆಯ ಸಲ ಕಸ್ತೂರೆಮ್ಮ ಸುಟ್ಟ ಡಬ್ಬಿಯಿಂದ ತೆಗೆದ ತಂತಿಯ ತುಣುಕೊಂದನ್ನು ಲಾರಿಯ ಕೀಲಿಕೈಗೆ ಸುತ್ತಿ, ‘ಇದನ್ನ ಬಿಚ್ಚದ ಗಾಡಿ ಚಾಲೂ ಮಾಡಾಕ ಆಗಂಗಿಲ್ಲ ನಿನಗ. ಬಿಚ್ಚೋ ಮುಂದ ನೆನಪಾಗಲಿ’ ಅಂದಳು. ಆ ಸಲ ಸರಿಯಾದದ್ದು ಬಂತು. ಎರಡು ಸಾವಿರದ ಮುನ್ನೂರು ಸುತ್ತುಗಳನ್ನು ಅವಳು ಕೈಯಲ್ಲೇ ಸುತ್ತಿದಳು. ನಡುವೆ ಯಾರಾದರೂ ಮಾತಾಡಿಸಿದರೆ ಎಣಿಕೆ ತಪ್ಪುತ್ತಿತ್ತು. ಮಾತಾಡಿಸಿದವರಿಗೆ ಬೈಗುಳ ತಪ್ಪುತ್ತಿರಲಿಲ್ಲ.

ಉಳಿದದ್ದು ಕರೆಂಟನ್ನು ಕೂಡಿಟ್ಟು ಸಮ ಮಾಡುವ ಕಂಡೆನ್ಸರು. ವಾಲ್ವುಗಳಿಗೆ ನಾನೂರು ವೋಲ್ಟು ಸಾಕು, ಹಾಳೆಯ ಐನೂರೆಂಬತ್ತು ಎರಡೆರಡರಲ್ಲಿ ಹಂಚಿಹೋಗುತ್ತದೆ; ಹಾಗಾಗಿ ನಾನೂರೈವತ್ತು ವೋಲ್ಟು ತಡೆಯುವಂಥವು ಆರು ಬೇಕಿತ್ತು. ಸಿಂಧನೂರಿನ ಬಜಾರಿನಲ್ಲಿ ಪಂಪಣ್ಣನ ರೇಡಿಯೋ ಸಾಮಾನಿನ ಅಂಗಡಿ ದೊಡ್ಡದು. ಸುತ್ತಲಿನ ಮೆಕ್ಯಾನಿಕ್‌ಗಳಿಗೆಲ್ಲ ಅದೇ ಗತಿ. ಅವನು ಪೆಟ್ಟಿಗೆಯಿಂದ ಆರು ಹೊಸ ಕಂಡೆನ್ಸರು ತೆಗೆದುಕೊಟ್ಟ. ಮೇಲೆ ದಪ್ಪಕ್ಷರದಲ್ಲಿ 450 ಎಂದಿತ್ತು.

ದೀಪಾವಳಿ ಮುಗಿದ ವಾರ ಎಲ್ಲವನ್ನೂ ಜೋಡಿಸಿ ಮೊದಲ ಸಲ ಕರೆಂಟು ಕೊಟ್ಟಳು. ವಾಲ್ವುಗಳು ಕೆಂಪಗಾದವು. ಮೀಟರಿನ ಮುಳ್ಳು ಮುನ್ನೂರು ದಾಟಿತು, ಮುನ್ನೂರೈವತ್ತಕ್ಕೆ ಬಂತು. ಆಗ ಒಂದು ಕಂಡೆನ್ಸರು ಪಟಾಕಿಯ ಹಾಗೆ ಸಿಡಿಯಿತು. ಕುದಿಯುವ ರಸ ಅವಳ ಕುತ್ತಿಗೆಗೂ ಬಲಗೈಗೂ ಹಾರಿತು. ಹೋಟೆಲಿನವರು ಓಡಿ ಬಂದು ನೀರು ಸುರಿದರು. ಒಂದು ಗೇಣು ಮೇಲೆ ಹಾರಿದ್ದರೆ ಕಣ್ಣು ಹೋಗುತ್ತಿತ್ತು.

ಕುತ್ತಿಗೆಗೆ ಮುಲಾಮು ಹಚ್ಚಿಕೊಂಡೇ ಮರುದಿನ ಪಂಪಣ್ಣನ ಅಂಗಡಿಗೆ ಹೋದಳು. ಪಂಪಣ್ಣ ಸಿಡಿದ ಕಂಡೆನ್ಸರನ್ನು ಎರಡು ಬೆರಳಲ್ಲಿ ಹಿಡಿದು ನೋಡಿದ.

‘ಮಾಲು ಚಲೋನ ಐತಿ, ಯಕ್ಕಾ. ನೀ ಉಲ್ಟಾ ಜೋಡ್ಸಿರಬೇಕು. ಇವು ಹೆಣ್ಣಮಕ್ಕಳು ಮಾಡೋ ಕೆಲಸ ಅಲ್ಲ. ಮಿಕ್ಸರ್ ರಿಪೇರಿ ಮಾಡ್ಕೊಂಡಿರು, ಆರಾಮ ಇರ್ತಿ.’

ಅಂಗಡಿಯಲ್ಲಿದ್ದ ಇಬ್ಬರು ಮೆಕ್ಯಾನಿಕ್‌ಗಳು ನಕ್ಕರು. ಕಸ್ತೂರೆಮ್ಮ ಸಿಡಿದದ್ದನ್ನು ಅವನ ಕೈಯಿಂದ ಕಿತ್ತುಕೊಂಡು ಬಸ್ಸು ಹತ್ತಿದಳು. ಮನೆಗೆ ಬಂದವಳು ಉಳಿದ ಐದರಲ್ಲಿ ಒಂದನ್ನು ತೆಗೆದುಕೊಂಡು ಬ್ಲೇಡಿನಿಂದ ಮೇಲಿನ ಪ್ಲಾಸ್ಟಿಕ್ ಕವಚವನ್ನು ಸೀಳಿದಳು. ಒಳಗೆ ಹಳೆಯ ಇನ್ನೊಂದು ಕವಚ. ಅದರ ಮೇಲೆ ಅರ್ಧ ಅಳಿಸಿದ ಅಕ್ಷರದಲ್ಲಿ 250 ಎಂದಿತ್ತು.

ಕೂಗಾಡಿ ಪ್ರಯೋಜನವಿಲ್ಲ ಎನ್ನುವುದು ಅವಳಿಗೆ ಗೊತ್ತಾಗಿತ್ತು. ಎಂಟು ದಿನ ಕೂತು ಬಿಸ್ಕೀಟಿನ ತಗಡಿನ ಡಬ್ಬಿಯಲ್ಲಿ ಒಂದು ಪರೀಕ್ಷೆಯ ಯಂತ್ರ ಮಾಡಿದಳು. ಕಂಡೆನ್ಸರು ಸಿಕ್ಕಿಸಿದರೆ ಅದು ವೋಲ್ಟನ್ನು ಮೆಲ್ಲಗೆ ಏರಿಸುತ್ತದೆ, ಎಲ್ಲಿಯವರೆಗೆ ತಡೆಯಿತೆಂದು ಮುಳ್ಳು ತೋರಿಸುತ್ತದೆ, ಸಿಡಿಯಲು ಬಿಡುವುದಿಲ್ಲ. ಸಂತೆಯ ದಿನ, ಅಂಗಡಿ ತುಂಬಿದ ಹೊತ್ತಿನಲ್ಲಿ ಅದನ್ನು ಒಯ್ದು ಪಂಪಣ್ಣನ ಕಟ್ಟೆಯ ಮೇಲೆ ಇಟ್ಟಳು. ಅವನ ಪ್ಲಗ್ಗಿಗೇ ವೈರು ಸಿಕ್ಕಿಸಿದಳು. ಮಸ್ತಾನಸಾಬನೂ ಜೊತೆಗೆ ಬಂದು ಬಾಗಿಲಲ್ಲಿ ನಿಂತಿದ್ದ.

‘ಏನ್ ನಡಸೀ ಇದು?’ ಅಂದ ಪಂಪಣ್ಣ.

‘ಮಾಲು ಚಲೋ ಐತಿ ಅಂದಿದ್ಯಲ್ಲ. ಆ ಪೆಟ್ಟಿಗಿ ತಗಿ. ಎಲ್ಲಾರೂ ನೋಡ್ಲಿ.’

ಅವನು ತೆಗೆಯಲಿಲ್ಲ. ತುರ್ವಿಹಾಳದಿಂದ ಬಂದಿದ್ದ ಮೆಕ್ಯಾನಿಕ್ ಒಬ್ಬ ಆಗತಾನೇ ಕೊಂಡಿದ್ದನ್ನು ಚೀಲದಿಂದ ತೆಗೆದು, ‘ಇದನ್ನ ಹಚ್ಚಿ ನೋಡಬೇ’ ಎಂದು ಕೊಟ್ಟ. ಮುಳ್ಳು ಇನ್ನೂರರವತ್ತರ ತನಕ ಹೋಗಿ ಅಲ್ಲೇ ನಿಂತಿತು. ಇನ್ನೊಬ್ಬ ಕೊಟ್ಟ. ಅದೂ ಅಷ್ಟೇ. ಆಮೇಲೆ ಯಾರೋ ಕೈ ಹಾಕಿ ಪೆಟ್ಟಿಗೆಯನ್ನೇ ಎಳೆದುಕೊಟ್ಟರು. ಹನ್ನೆರಡರಲ್ಲಿ ಒಂಬತ್ತು ಅಲ್ಲೇ ಆಸುಪಾಸಿನಲ್ಲಿ ನಿಂತವು. ಕಸ್ತೂರೆಮ್ಮ ಬ್ಲೇಡು ತೆಗೆದು ಒಂದೊಂದರದೂ ಮೇಲಿನ ಸಿಪ್ಪೆ ಸುಲಿದು ಕಟ್ಟೆಯ ಮೇಲೆ ಸಾಲಾಗಿ ಇಟ್ಟಳು.

‘ನನಗೂ ಹಂಗ ಬಂದಾವವ್ವ. ನನಗೇನ್ ಗೊತ್ತು?’ ಅಂದ ಪಂಪಣ್ಣ. ದನಿ ತಗ್ಗಿತ್ತು.

‘ಗೊತ್ತಿಲ್ಲದವಗ, ನನಗ ಮಿಕ್ಸರ್ ರಿಪೇರಿ ಮಾಡು ಅಂತ ಹೇಳಾಕ ಹೆಂಗ ಬಂತು?’ ಕುತ್ತಿಗೆಯ ಸೆರಗು ಸರಿಸಿ ಸುಟ್ಟ ಗಾಯ ತೋರಿಸಿದಳು. ‘ಇದನ್ನೂ ಉಲ್ಟಾ ಜೋಡ್ಸೀನೇನು ನೋಡು.’

ಯಾರೂ ನಗಲಿಲ್ಲ. ಆ ದಿನ ಐದಾರು ಜನ ತಮ್ಮ ತಮ್ಮ ಸಾಮಾನು ವಾಪಸು ಕೊಟ್ಟರು. ಪಂಪಣ್ಣ ಆಮೇಲೆ ಅವಳ ಬಗ್ಗೆ ಊರ ತುಂಬ ಏನೇನೋ ಆಡಿಕೊಂಡ. ಆದರೂ ಮೆಕ್ಯಾನಿಕ್‌ಗಳು ಕಂಡೆನ್ಸರು ಕೊಂಡರೆ ಮಸ್ಕಿಗೆ ಬಂದು ಅವಳ ಡಬ್ಬಿಗೆ ಹಚ್ಚಿಸಿ ನೋಡಿಕೊಂಡು ಹೋಗುವುದು ರೂಢಿಯಾಯಿತು. ಅವಳಿಗೆ ಬೇಕಾದ ಆರನ್ನು ದುರುಗಪ್ಪ ಹೈದರಾಬಾದಿನಿಂದ ತಂದ. ಪ್ರತಿಯೊಂದನ್ನೂ ಪರೀಕ್ಷಿಸಿಯೇ ಹಾಕಿದಳು.

ಸಂಕ್ರಾಂತಿ ಕಳೆದು ಪೆಟ್ಟಿಗೆ ಮುಗಿಯಿತು. ಹೆಡ್‌ಫೋನು ಕಿವಿಗೆ ಇಟ್ಟುಕೊಂಡು ರೇಡಿಯೋ ಜೋಡಿಸಿದಳು. ಯಾರೋ ಪೇಟೆ ಧಾರಣೆ ಓದುತ್ತಿದ್ದ. ಭತ್ತ, ಜೋಳ, ಶೇಂಗಾ. ಓದುವವನು ಹಾಳೆ ತಿರುವಿದ್ದು ಕೇಳಿತು. ಶೇಂಗಾ ಅನ್ನುವ ಮೊದಲು ಅವನು ಉಗುಳು ನುಂಗಿದ್ದೂ ಕೇಳಿತು. ಇಷ್ಟು ವರ್ಷ ಸಾವಿರಾರು ರೇಡಿಯೋ ಮುಟ್ಟಿದ್ದರೂ ಮಾತಿನ ಹಿಂದೆ ಒಬ್ಬ ಮನುಷ್ಯ ಕೂತಿರುವುದು ಹೀಗೆ ಕೇಳಿರಲಿಲ್ಲ. ದುರುಗಪ್ಪನನ್ನು ಕರೆದು ಅವನ ಕಿವಿಗೂ ಇಟ್ಟಳು. ಅವನು ಬಾಯಿ ತೆರೆದುಕೊಂಡು ಧಾರಣೆ ಮುಗಿಯುವವರೆಗೂ ಕೂತ.

ದುರುಗಪ್ಪನ ಜೊತೆ ಪೆಟ್ಟಿಗೆಯನ್ನು ಲಿಂಗಸುಗೂರಿಗೆ ಒಯ್ದು ಡಾಕ್ಟರ ಮನೆಯಲ್ಲಿ ಜೋಡಿಸಿಕೊಟ್ಟಳು. ಡಾಕ್ಟರು ಕಣ್ಣು ಮುಚ್ಚಿ ಒಂದು ಕ್ಯಾಸೆಟ್ಟು ಪೂರ್ತಿ ಕೇಳಿದರು. ‘ಅದ್ಭುತ’ ಅಂದರು. ಅದನ್ನೂ ದುರುಗಪ್ಪನ ಕಡೆ ನೋಡಿಯೇ ಅಂದರು. ಆದರೂ ಅವಳು ಆ ದಿನ ಖುಷಿಯಾಗಿಯೇ ಮನೆಗೆ ಬಂದಳು.

ತಿಂಗಳ ಮೇಲೆ ವಾಲ್ವುಗಳನ್ನು ಒಮ್ಮೆ ನೋಡಿಬರೋಣವೆಂದು ಇಬ್ಬರೂ ಮತ್ತೆ ಹೋದರು. ಪಡಸಾಲೆಯಲ್ಲಿ ಅತಿಥಿಗಳಿದ್ದರು. ಅವರಲ್ಲೊಬ್ಬರು ಹೆಡ್‌ಫೋನು ತೆಗೆದಿಟ್ಟು, ‘ಎಲ್ಲಿ ಮಾಡಿಸಿದ್ರಿ ಡಾಕ್ಟ್ರೇ?’ ಎಂದು ಕೇಳಿದರು. ‘ಹೈದರಾಬಾದಿನಾಗ ಒಬ್ಬ ಇಂಜಿನಿಯರ್ ಅದಾನ,’ ಅಂದರು ಡಾಕ್ಟರು. ಬಾಗಿಲಲ್ಲಿ ನಿಂತಿದ್ದ ಕಸ್ತೂರೆಮ್ಮನನ್ನು ಅವರು ನೋಡಿರಲಿಲ್ಲ.

ಅವಳು ನೇರ ಒಳಗೆ ಹೋದಳು. ಪ್ಲಗ್ಗು ಕಿತ್ತಳು. ಐದು ಕಡ್ಡಿಯ ಪಿನ್ನನ್ನು ಎಳೆದು ಹೆಡ್‌ಫೋನನ್ನು ಮೇಜಿನ ಮೇಲಿಟ್ಟಳು. ‘ಇದು ನಿಮ್ಮದು’ ಅಂದಳು. ಬಿಸಿ ಪೆಟ್ಟಿಗೆಯನ್ನು ಸೆರಗಿನಲ್ಲಿ ಸುತ್ತಿ ಎತ್ತಿಕೊಂಡಳು. ‘ಇದು ನಂದು. ಹೈದರಾಬಾದಿನವನ ಕಡಿಂದ ಇನ್ನೊಂದು ತರಿಸ್ಕೊಳ್ರಿ.’

ಡಾಕ್ಟರು ಎದ್ದು ನಿಂತರು, ಏನೋ ಹೇಳಿದರು. ಅವಳು ಕೇಳಿಸಿಕೊಳ್ಳಲಿಲ್ಲ. ಬಸ್ಸಿನಲ್ಲಿ ಮಸ್ಕಿಯವರೆಗೂ ಪೆಟ್ಟಿಗೆ ತೊಡೆಯ ಮೇಲೆಯೇ ಇತ್ತು.

ಮೂರು ದಿನ ಬಿಟ್ಟು ಅವಳು ಪಾತ್ರೆ ಅಂಗಡಿಗೆ ಹೋದಳು. ಕೊಡ, ತಾಟುಗಳ ಮೇಲೆ ಮದುವೆ ಹೆಣ್ಣಿನ ಹೆಸರು ಕೊರೆಯುವವನ ಕೈಯಲ್ಲಿ ಒಂದು ಹಿತ್ತಾಳೆ ಪಟ್ಟಿಯ ಮೇಲೆ ಕೊರೆಸಿದಳು: ‘ಕಟ್ಟಿದವರು ಪಕೀರಪ್ಪನ ಮಗಳು ಕಸ್ತೂರೆಮ್ಮ, ಮಸ್ಕಿ, 1989.’ ಅದನ್ನು ಪೆಟ್ಟಿಗೆಯ ಮುಂಭಾಗಕ್ಕೆ, ಗುಂಡಿಯ ಮೇಲ್ಗಡೆ ನಾಲ್ಕು ರಿವೆಟ್ಟು ಹೊಡೆದು ಕೂರಿಸಿದಳು.

ಡಾಕ್ಟರು ಎರಡು ಸಲ ಕಾಂಪೌಂಡರನನ್ನು ಕಳಿಸಿದರು. ಬರಿಗೈಯಲ್ಲಿ ವಾಪಸು ಕಳಿಸಿದಳು. ಯುಗಾದಿ ಕಳೆದ ಮೇಲೆ ತಾವೇ ಬಂದರು. ಅವಳು ಒಂದು ರೇಡಿಯೋ ಬಿಚ್ಚಿಕೊಂಡಿದ್ದಳು. ಅದು ಮುಗಿಯುವವರೆಗೆ ಅವರು ಸ್ಟೂಲಿನ ಮೇಲೆ ಕೂತಿದ್ದರು. ಆಮೇಲೆ ಪೆಟ್ಟಿಗೆಯನ್ನು ಅವರ ಮುಂದಿಟ್ಟಳು. ಅವರು ಕನ್ನಡಕ ಹಾಕಿಕೊಂಡು ಓದಿದರು.

‘ತಪ್ಪಾತವ್ವ,’ ಅಂದರು. ಮೊದಲ ಸಲ ಅವಳ ಮುಖ ನೋಡಿ ಮಾತಾಡಿದ್ದರು. ‘ಮಸ್ಕಿಯಾಗ ಒಬ್ಬ ಹೆಣ್ಣಮಗಳು ಮಾಡ್ಯಾಳ ಅಂದ್ರ ಅವ್ರು ನಂಬಂಗಿಲ್ಲ ಅನಿಸ್ತು.’

‘ಅವ್ರು ನಂಬಂಗಿಲ್ಲ ಅನ್ನೋದು ಬ್ಯಾರೆ ಮಾತ್ರಿ. ನೀವು ಹೇಳಲಿಲ್ಲ.’

ಡಾಕ್ಟರು ತಲೆಯಾಡಿಸಿದರು. ಅವಳ ಸಿಟ್ಟು ಇಳಿಯಲಿಲ್ಲ. ತಪ್ಪಾಯಿತು ಎಂಬ ಮಾತು ಅವರ ಬಾಯಿಂದ ಬಂದರೆ ಇಳಿದೀತೆಂದು ತಾನೂ ಅಂದುಕೊಂಡಿದ್ದಳು. ಪೆಟ್ಟಿಗೆಯನ್ನು ಮಾತ್ರ ಅವರ ಕಡೆ ಸರಿಸಿದಳು. ಅದು ಎಂಟು ಕಿಲೋ ಭಾರ. ಹೊರಗೆ ನಿಂತಿದ್ದ ದುರುಗಪ್ಪ ಒಳಗೆ ಬಂದು ಎತ್ತಿಕೊಡಲು ಬಗ್ಗಿದ.

‘ಬಿಡು,’ ಅಂದಳು ಕಸ್ತೂರೆಮ್ಮ. ‘ಅವ್ರೇ ಒಯ್ಲಿ.’

ಡಾಕ್ಟರು ಪೆಟ್ಟಿಗೆಯನ್ನು ಎದೆಗವಚಿಕೊಂಡು, ನಡುವೆ ಒಮ್ಮೆ ಹೋಟೆಲಿನ ಬೆಂಚಿನ ಮೇಲಿಟ್ಟು ಸುಧಾರಿಸಿಕೊಂಡು, ಕಾರಿನವರೆಗೂ ಹೊತ್ತುಕೊಂಡು ಹೋದರು.