ಕೊಬ್ಬರಿ ಅಟ್ಟದ ಗೂಬೆ ಮರಿಗಳು

ಓದುವ ಎಲ್ಲರಿಗೂ ನಮಸ್ಕಾರ. ನಾನು ಎಸ್ಸೆಸ್ಸೆಲ್ಸಿ ಪಾಸಾಗಿದ್ದೇ ಮೂವತ್ತೆಂಟನೇ ವಯಸ್ಸಿಗೆ. ಇದನ್ನು ಮೊಬೈಲಿನಲ್ಲಿ ಒಂದೇ ಬೆರಳಿನಿಂದ ಒತ್ತಿ ಬರೆಯುತ್ತಿದ್ದೇನೆ. ಒತ್ತಕ್ಷರ, ದೀರ್ಘ ತಪ್ಪಿದ್ದರೆ ಹೊಟ್ಟೆಗೆ ಹಾಕಿಕೊಳ್ಳಿ. ಸಿಟ್ಟು ಜಾಸ್ತಿಯಾಯಿತು ಅನ್ನಿಸಿದರೆ ಅದಕ್ಕೆ ಮಾತ್ರ ಕ್ಷಮೆ ಕೇಳುವುದಿಲ್ಲ.

ತುರುವೇಕೆರೆ ಕಡೆಯ ನಮ್ಮೂರಿನಲ್ಲಿ ಒಬ್ಬ ಯಜಮಾನರ ಶೆಡ್ಡಿನಲ್ಲಿ ನಾನು ಕಾಯಿ ಸುಲಿಯುತ್ತಿದ್ದೆ. ನಮ್ಮ ಕಡೆ ತೆಂಗಿನಕಾಯಿಯನ್ನು ಅಟ್ಟಕ್ಕೆ ಹಾಕಿ ಹೆಚ್ಚುಕಮ್ಮಿ ಒಂದು ವರ್ಷ ಬಿಡುತ್ತಾರೆ. ಚಿಪ್ಪಿನೊಳಗೇ ಒಣಗಿ ಅದು ಉಂಡೆ ಕೊಬ್ಬರಿಯಾಗುತ್ತದೆ. ಆ ಅಟ್ಟದ ಮೂಲೆಯಿಂದ ಎರಡು ಚಳಿಗಾಲ ಬುಸ್ ಬುಸ್ ಎಂಬ ಸದ್ದು ಬರುತ್ತಿತ್ತು. ನಾಗರಹಾವು ಎಂದುಕೊಂಡೆವು. ಆ ಮೂಲೆಯ ಕಾಯಿಯನ್ನು ಯಾರೂ ಮುಟ್ಟುತ್ತಿರಲಿಲ್ಲ. ಯಜಮಾನರ ಹೆಂಡತಿಯನ್ನು ನಾವೆಲ್ಲ ಅಕ್ಕ ಅನ್ನುತ್ತಿದ್ದೆವು. ಅವರು ಏಣಿಯ ಬುಡಕ್ಕೆ ಅರಿಶಿನ ಕುಂಕುಮ ಹಚ್ಚಿ ಸೋಮವಾರಕ್ಕೊಮ್ಮೆ ಒಂದು ಬಟ್ಟಲು ಹಾಲು ಇಡುತ್ತಿದ್ದರು. ಕುಡಿಯುತ್ತಿದ್ದದ್ದು ಬೆಕ್ಕು, ಅದು ಬೇರೆ ಮಾತು. ಕೊಬ್ಬರಿ ಕಡಿಯುವ ಇಲಿಗಳು ಮಾತ್ರ ಕಾಣದಂತಾಗಿದ್ದವು.

ಹೋದ ಚಳಿಗಾಲದಲ್ಲಿ ಪೇಟೆಯಿಂದ ಒಂದು ತಂಡ ನಮ್ಮೂರ ಶಾಲೆಗೆ ಪರಿಸರ ಶಿಬಿರ ನಡೆಸಲು ಬಂತು. ಬ್ಯಾನರ್, ಮೈಕು, ಪ್ರೊಜೆಕ್ಟರ್ ಎಲ್ಲ ಇತ್ತು. ಮಧ್ಯಾಹ್ನದ ಮುದ್ದೆ, ಅವರೆಕಾಳು ಸಾರು ನಮ್ಮ ಯಜಮಾನರ ಕಡೆಯಿಂದ. ಹಾಗಾಗಿ ವೇದಿಕೆ ಮೇಲೆ ಅವರಿಗೂ ಒಂದು ಕುರ್ಚಿ. ಕಲಿಯುವ ಆಸೆ ನನಗಿನ್ನೂ ಹೋಗಿಲ್ಲ. ಅರ್ಧ ದಿನದ ಕೆಲಸ ಬಿಟ್ಟು ಹೋಗಿ ಮಕ್ಕಳ ಹಿಂದೆ ಕೂತೆ.

ತಂಡದ ಮುಖ್ಯಸ್ಥರು ಹಕ್ಕಿಗಳ ಕೂಗನ್ನು ಒಂದೊಂದಾಗಿ ಕೇಳಿಸಿದರು. ಕೊನೆಯದು ಬುಸ್ ಎಂದಿತು. ನಾನು ಎದ್ದು ನಿಂತುಬಿಟ್ಟೆ.

"ಸಾರ್, ಇದು ಹಾವು. ನಮ್ ಶೆಡ್ಡಿನ ಅಟ್ಟದಾಗೆ ಐತೆ."

ಮಕ್ಕಳೆಲ್ಲ ನಕ್ಕರು. ಮುಖ್ಯಸ್ಥರು ನಗಲಿಲ್ಲ.

"ಹಾವಲ್ಲ ಕಣ್ರೀ, ಕಣಜ ಗೂಬೆ ಮರಿ. ನಿಜವಾಗ್ಲೂ ಗೂಡಿದೆಯಾ? ಬನ್ನಿ ಮುಂದೆ!"

ನನ್ನ ಹೆಗಲ ಮೇಲೆ ಕೈ ಹಾಕಿ, ಎಲ್ಲರಿಂದ ಚಪ್ಪಾಳೆ ಹೊಡೆಸಿದರು. ನನ್ನ ಜೀವಮಾನದಲ್ಲಿ ಯಾವ ಶಾಲೆಯಲ್ಲೂ ನನಗೆ ಚಪ್ಪಾಳೆ ಬಿದ್ದಿರಲಿಲ್ಲ. ಉಬ್ಬಿಹೋದೆ. ಆಗ ಬಾಯಿ ಮುಚ್ಚಿಕೊಂಡಿದ್ದರೆ ಎಂದು ಈಗಲೂ ನನ್ನನ್ನು ನಾನೇ ಬೈದುಕೊಳ್ಳುತ್ತೇನೆ.

ಊಟ ಮುಗಿದದ್ದೇ ತಡ, ಇಡೀ ಶಿಬಿರ ಶೆಡ್ಡಿಗೆ ನಡೆಯಿತು.

"ಇಬ್ರು ಹತ್ತಿದ್ರೆ ಸಾಕು ಸಾರ್, ಮರಿ ಹೆದರ್ಕತವೆ" ಅಂದೆ.

"ಮಕ್ಕಳು ಕಣ್ಣಾರೆ ನೋಡ್ಬೇಕು ಕಣ್ರೀ. ಪುಸ್ತಕದಲ್ಲಿ ಸಿಗುತ್ತಾ ಇದು?"

ಐದೈದು ಜನರಂತೆ ಹತ್ತಿಸಿದರು. ಟಾರ್ಚು, ಮೊಬೈಲ್ ಫ್ಲಾಶು. ಮೂರು ಮರಿಗಳು, ಬಿಳಿ ಮುಖ, ಗೋಡೆಗೆ ಅಂಟಿಕೊಂಡು ಬುಸುಗುಡುತ್ತಿದ್ದವು. ದೊಡ್ಡ ಗೂಬೆ ಗವಾಕ್ಷಿಯಿಂದ ಹಾರಿ ಹಾಡಹಗಲಲ್ಲೇ ತೋಟಕ್ಕೆ ಬಿತ್ತು. ಕಾಗೆಗಳು ಅಟ್ಟಿಸಿಕೊಂಡು ಹೋದವು. ಎಲ್ಲರೂ "ವಾವ್" ಅಂದರು.

ಕೆಳಗೆ ಅಕ್ಕ ನಿಂತಿದ್ದರು. ಮುಖ ಕಪ್ಪಿಟ್ಟಿತ್ತು.

"ಅಂಗಾರೆ ಎರಡು ವರ್ಷದಿಂದ ನಾನು ಗೂಬೆಗೆ ಹಾಲಿಟ್ನೇನ್ಲಾ?"

ಮುಖ್ಯಸ್ಥರು ಅದನ್ನು ಕೇಳಿಸಿಕೊಂಡರು, ನಕ್ಕರು. "ಮೂಢನಂಬಿಕೆ ಬಿಡಿ ಅಮ್ಮ, ಗೂಬೆ ರೈತನ ಮಿತ್ರ" ಎಂದು ಒಂದು ಮಾತು ಹೇಳಿ ವ್ಯಾನ್ ಹತ್ತಿದರು. ಒಂದೇ ಒಂದು ಮಾತು! ಶಾಲೆಯಲ್ಲಿ ಎರಡು ಗಂಟೆ ಮೈಕು ಹಿಡಿದವರಿಗೆ ಆ ಹೆಂಗಸಿನ ಜೊತೆ ಕೂರಲು ಹತ್ತು ನಿಮಿಷ ಇರಲಿಲ್ಲ. ಮನೆಗೆ ಹೋಗುವಷ್ಟರಲ್ಲಿ ಫೋಟೋಗಳು ಶಿಬಿರದ ವಾಟ್ಸಾಪ್ ಗ್ರೂಪಿಗೆ ಬಂದಿದ್ದವು. ಶಿಬಿರ ಯಶಸ್ವಿ ಅಂತೆ.

ಮಾರನೆಯ ಬೆಳಗ್ಗೆ ಕೆಲಸಕ್ಕೆ ಹೋದರೆ ಗವಾಕ್ಷಿಗೆ ಇಟ್ಟಿಗೆ ಇಟ್ಟು ಹಸಿ ಸಿಮೆಂಟು ಬಳಿದಿತ್ತು. ಮರಿಗಳು ಗೋಣಿಚೀಲದಲ್ಲಿ, ಬೇಲಿ ಪಕ್ಕದಲ್ಲಿ ಬಿದ್ದಿದ್ದವು. ಎರಡು ಸತ್ತಿದ್ದವು, ಒಂದಕ್ಕೆ ಇನ್ನೂ ಜೀವ ಇತ್ತು.

"ಏನಣ್ಣ ಇಂಗ್ ಮಾಡ್ಬುಟ್ರಿ?" ಎಂದು ಯಜಮಾನರನ್ನು ಕೇಳಿದೆ.

"ಹಾವಾಗಿದ್ರೆ ಇರ್ಲಿ ಬುಡು ಅಂತಿದ್ದೆ ಕಣಪ್ಪ. ಗೂಬೆ ಮಡಿಕಂಡು ಸಂಕ್ರಾಂತಿ ಮಾಡಕಾಯ್ತದಾ? ಊರೋರೆಲ್ಲ ನೋಡವ್ರೆ. ಅಷ್ಟು ಆಸೆ ಇದ್ರೆ ನಿನ್ನ ಮನೇಲಿ ಸಾಕ್ಕೋ ಹೋಗು."

ನಾನು ಮುಖ್ಯಸ್ಥರಿಗೆ ಫೋನ್ ಮಾಡಿದೆ. ಅವರು ಚಿಕ್ಕನಾಯಕನಹಳ್ಳಿಯಲ್ಲಿ ಇನ್ನೊಂದು ಶಿಬಿರದಲ್ಲಿದ್ದರು. ಬುಟ್ಟಿಯಲ್ಲಿಟ್ಟು ಗೂಡಿನ ಹತ್ತಿರವೇ ಕಟ್ಟಿ, ತಾಯಿ ಬರಬಹುದು ಅಂದರು. ಶೆಡ್ಡಿನ ಹಿಂದಿನ ಬೇವಿನ ಮರಕ್ಕೆ ಬುಟ್ಟಿ ಕಟ್ಟಿದೆ. ಮುಸ್ಸಂಜೆಗೆ ದೊಡ್ಡ ಗೂಬೆ ಬಂತು. ನೇರವಾಗಿ ಗವಾಕ್ಷಿಗೆ ಹೋಯಿತು. ಇಟ್ಟಿಗೆಗೆ ಉಗುರು ಹಾಕಿ ರೆಕ್ಕೆ ಬಡಿಯಿತು, ತಿರುಗಿ ಬಂತು, ಮತ್ತೆ ಬಡಿಯಿತು. ಬುಟ್ಟಿಯಲ್ಲಿ ಮರಿ ಕೂಗುತ್ತಲೇ ಇತ್ತು. ತಾಯಿ ಈ ಕಡೆ ತಿರುಗಲೇ ಇಲ್ಲ. ಎರಡನೆಯ ದಿನ ಮರಿ ಕೂಗುವುದನ್ನು ನಿಲ್ಲಿಸಿತು.

ಮತ್ತೆ ಫೋನ್ ಮಾಡಿ ಹೇಳಿದೆ. "ಛೆ, ಪಾಪ. ಪ್ರಕೃತಿಯಲ್ಲಿ ಇವೆಲ್ಲ ಇದ್ದದ್ದೇ, ಬೇಜಾರ್ ಮಾಡ್ಕೋಬೇಡಿ" ಅಂದರು.

ಇಟ್ಟಿಗೆ ಪ್ರಕೃತಿಯೇ? ಗೋಣಿಚೀಲ ಪ್ರಕೃತಿಯೇ? ಅಟ್ಟ ಹತ್ತಿಸಿದವರು ಯಾರು? ಇಷ್ಟನ್ನೂ ಕೇಳಿದೆ. ಕಟ್ ಮಾಡಿದರು. ಯಜಮಾನರ ಮೇಲೂ ನನಗೆ ಸಿಟ್ಟಿದೆ, ಆದರೆ ಅವರು ಪರಿಸರ ಉಳಿಸುತ್ತೇವೆ ಎಂದು ಹೇಳಿಕೊಂಡು ಬಂದವರಲ್ಲ. ಆ ಶೆಡ್ಡಿಗೆ ಆಮೇಲೆ ನಾನು ಹೋಗಲಿಲ್ಲ. ಈಗ ಬೇರೆ ಕಡೆ ಸುಲಿಯುತ್ತೇನೆ.

ನಿಮ್ಮೂರಿಗೂ ಇಂಥ ಶಿಬಿರಗಳು ಬಂದಿರಬಹುದು. ಅವರು ಹೋದ ಮೇಲೆ ಅಲ್ಲಿ ಏನು ಉಳಿಯಿತು, ಏನು ಸತ್ತಿತು, ದಯವಿಟ್ಟು ಬರೆಯಿರಿ. ಮನೆಯವರಿಗೆ ತಿಳಿಹೇಳಿ ಒಂದು ಗೂಡನ್ನಾದರೂ ಉಳಿಸಿಕೊಂಡವರಿದ್ದರೆ, ಏನು ಹೇಳಿ ಒಪ್ಪಿಸಿದಿರಿ ಎಂಬುದನ್ನೂ ಬರೆಯಿರಿ. ನನಗೆ ಅದು ಬೇಕು.